ಚಿಕ್ಕಮ್ಮನ ಸ್ಟ್ರೈಕ್‌ಔಟು, ನಮ್ಮೆಲ್ಲರ ವಾಕು

ಡೊಂಬಿವಲಿಯ ನಮ್ಮ ಚಿಕ್ಕಮ್ಮನ ಮನೆಗೆ ಹೋಗುವವರಿಗೆ ನನ್ನದೊಂದು ಎಚ್ಚರಿಕೆ: ದಯವಿಟ್ಟು ಖಾಲಿ ಕೈಯಲ್ಲಿ ಕೂರಬೇಡಿ! ಪೇಪರನ್ನಾದರೂ ಹಿಡಿದುಕೊಳ್ಳಿ, ಮೊಬೈಲನ್ನಾದರೂ ಹಿಡಿದುಕೊಳ್ಳಿ, ಏನೂ ಇಲ್ಲದಿದ್ದರೆ ಚಿಕ್ಕಪ್ಪನ ಕೈಯನ್ನೇ ಹಿಡಿದುಕೊಳ್ಳಿ. ಖಾಲಿ ಕೈ ಕಂಡರೆ ಚಿಕ್ಕಮ್ಮ ಅಡುಗೆಮನೆಯಿಂದ ಏನನ್ನಾದರೂ ಎಸೆಯುತ್ತಾರೆ. ನಿಂಬೆಹಣ್ಣು, ಈರುಳ್ಳಿ, ಬಟಾಟೆ. ಚೌತಿಯ ಸಮಯದಲ್ಲಿ ಹೋದರೆ ಜುಟ್ಟು ಸಹಿತ ತೆಂಗಿನಕಾಯಿಯೂ ಬಂದೀತು! ಹಿಡಿದರೆ ಚಹಾ ಸಿಗುತ್ತದೆ. ಬಿಟ್ಟರೂ ಚಹಾ ಸಿಗುತ್ತದೆ, ಆದರೆ ಅದರ ಜೊತೆಗೊಂದು ನಿಟ್ಟುಸಿರು ಬರುತ್ತದೆ. ಆ ನಿಟ್ಟುಸಿರು ಕೇಳುವುದಕ್ಕಿಂತ ತೆಂಗಿನಕಾಯಿ ತಲೆಗೇ ಬಿದ್ದಿದ್ದರೆ ವಾಸಿಯಿತ್ತು ಅನ್ನಿಸುತ್ತದೆ.

ಹುಚ್ಚು ಅಂದುಕೊಂಡಿರಾ? ಅಲ್ಲ ಮಾರಾಯ್ರೇ. ನಮ್ಮ ಚಿಕ್ಕಮ್ಮನಿಗೆ ಒಬ್ಬ ಕ್ಯಾಚರ್ ಬೇಕು. ಅಷ್ಟೇ. ಅರುವತ್ತು ದಾಟುತ್ತಿರುವ, ಶಾಲೆಯ ಆಫೀಸಿನಲ್ಲಿ ದುಡಿದು ನಿವೃತ್ತರಾದ, ಮಂಡಿಗೆ ಎಣ್ಣೆ ಹಚ್ಚಿಕೊಳ್ಳುವ ಹೆಂಗಸಿಗೆ ಕ್ಯಾಚರ್ ಯಾಕೆ ಅಂತ ಕೇಳಬೇಡಿ. ಕೇಳಿದವರು ಯಾರೂ ಅರ್ಧ ಗಂಟೆಯೊಳಗೆ ಆ ಮನೆಯಿಂದ ಹೊರಗೆ ಬಂದದ್ದಿಲ್ಲ.

ಚಿಕ್ಕಮ್ಮ ಹುಡುಗಿಯಾಗಿದ್ದಾಗ ಬೇಸ್‌ಬಾಲ್ ಆಡುತ್ತಿದ್ದರು. ಹೌದು, ಬೇಸ್‌ಬಾಲೇ! ನಮ್ಮ ಅಜ್ಜ ಥಾಣೆಯ ವಾಗ್ಳೆ ಎಸ್ಟೇಟಿನಲ್ಲಿ ಕಾರ್ಖಾನೆಯವರಿಗೆ ಇಡ್ಲಿ ವಡೆ ಹಾಕುವ ಸಣ್ಣ ಹೋಟೆಲು ಇಟ್ಟಿದ್ದರು. ಚಿಕ್ಕಮ್ಮ ಕಲಿಯುತ್ತಿದ್ದ ಹತ್ತಿರದ ಕನ್ನಡ ಶಾಲೆಗೆ ಮರಾಠಿ ಡ್ರಿಲ್ ಮೇಷ್ಟ್ರು ಒಬ್ಬರು ಬಂದವರು ಯಾವುದೋ ಶಿಬಿರಕ್ಕೆ ಹೋಗಿ, ಒಂದು ದಾಂಡು, ಒಂದು ಚೆಂಡು, ಹರಿದ ಕೈಗವಸು ಹಿಡಿದುಕೊಂಡು ವಾಪಸಾದರಂತೆ. ಲಗೋರಿ ಆಡುವಾಗ ಚಿಕ್ಕಮ್ಮನ ಗುರಿ ನೋಡಿದ್ದ ಅವರು ಚೆಂಡನ್ನು ಇವರ ಕೈಗೇ ಕೊಟ್ಟರು. ಅಂದರೆ ಚಿಕ್ಕಮ್ಮ ಪಿಚರ್ ಆದರು, ಚೆಂಡು ಎಸೆಯುವವರು.

ಈಗ ನಿಮಗೆ ಎರಡೇ ಎರಡು ಸಂಗತಿ ಗೊತ್ತಿರಬೇಕು, ಇಲ್ಲದಿದ್ದರೆ ಚಿಕ್ಕಮ್ಮ ಅರ್ಥವಾಗುವುದಿಲ್ಲ. ಎದುರಿಗೆ ದಾಂಡು ಹಿಡಿದವನು ಒಳ್ಳೆಯ ಚೆಂಡುಗಳನ್ನು ಮೂರು ಸಲ ಹೊಡೆಯದೆ ಬಿಟ್ಟರೆ ಔಟ್. ಅದು ಸ್ಟ್ರೈಕ್‌ಔಟ್. ಎಸೆಯುವವನೇ ನಾಲ್ಕು ಸಲ ದಾಂಡಿಗೆ ಎಟುಕದ ಕೆಟ್ಟ ಚೆಂಡು ಎಸೆದರೆ ದಾಂಡು ಹಿಡಿದವನು ಅದನ್ನು ಬಿಸಾಡಿ, ಏನೂ ಮಾಡದೆ ಆರಾಮಾಗಿ ನಡೆದುಕೊಂಡು ಆಟದ ಮುಂದಿನ ಮನೆಗೆ ಹೋಗಬಹುದು. ಅದು ವಾಕ್. ಉಳಿದದ್ದೆಲ್ಲ, ಅಂದರೆ ಚೆಂಡು ದಾಂಡಿಗೆ ತಗಲಿದ ಮೇಲೆ ಆಗುವುದೆಲ್ಲ, ಬಯಲಲ್ಲಿ ನಿಂತವರ ಹಣೆಬರಹ.

"ಸ್ಟ್ರೈಕ್‌ಔಟ್ ನನ್ನದು, ವಾಕ್ ನನ್ನದು. ಅದರಲ್ಲಿ ಬೇರೆ ಯಾರದ್ದೂ ಪಾಲಿಲ್ಲ. ಉಳಿದದ್ದು ಎಂತ ಆದ್ರೂ ನನ್ನನ್ನು ಕೇಳ್ಬೇಡಿ!" ಇದು ಚಿಕ್ಕಮ್ಮನ ಸಿದ್ಧಾಂತ. ಜಿಲ್ಲಾ ತಂಡದ ಆಯ್ಕೆಗೆ ಬಂದವರು ಎಷ್ಟು ರನ್ ಬಿಟ್ಟುಕೊಟ್ಟಳು ಅಂತ ಮಾತ್ರ ನೋಡಿ ಚಿಕ್ಕಮ್ಮನನ್ನು ಕೈಬಿಟ್ಟರಂತೆ. ರನ್ ಹೋಗದೆ ಏನು ಮಾಡೀತು? ಬಯಲಲ್ಲಿ ನಿಂತ ಹುಡುಗಿಯರು ಚೆಂಡು ಬಂದಾಗಲೆಲ್ಲ ಎರಡು ಕೈಯಿಂದಲೂ ಮುಖ ಮುಚ್ಚಿಕೊಳ್ಳುತ್ತಿದ್ದರಂತೆ. ಒಬ್ಬಳಂತೂ ಜಡೆ ಹಾಕಿಕೊಳ್ಳುತ್ತಾ ನಿಂತಿದ್ದಳಂತೆ! ಆ ಜಡೆಯ ವಿಷಯ ಬಂದರೆ ಚಿಕ್ಕಮ್ಮನಿಗೆ ಈಗಲೂ ಸಿಟ್ಟು ಉಕ್ಕಿ ಬರುತ್ತದೆ.

ಇದಿಷ್ಟೂ ಹಳೆಯ ಕಥೆಯಾಗಿ ತಣ್ಣಗೆ ಇರುತ್ತಿತ್ತೋ ಏನೋ. ಆದರೆ ಮೊಬೈಲ್ ಬಂತಲ್ಲ! ಅಮೆರಿಕದ ಸಂಜೆಯ ಆಟ ನಮಗೆ ಬೆಳಗಿನ ಕಾಫಿಯ ಹೊತ್ತಿಗೆ ಬರುತ್ತದೆ. ಚಿಕ್ಕಮ್ಮ ಸಕ್ಕರೆ ಡಬ್ಬಿಗೆ ಮೊಬೈಲ್ ಆನಿಸಿಟ್ಟುಕೊಂಡು ಚಟ್ನಿ ರುಬ್ಬುತ್ತಾ ಆಟ ನೋಡಲು ಶುರುಮಾಡಿದರು. ಒಂದು ದಿನ ನಾನು ಥಾಣೆಯ ರೈಲುಗಾಡಿಯಲ್ಲಿ ಒಂದೇ ಕಾಲಲ್ಲಿ ನಿಂತಿದ್ದೆ, ಫೋನು ಬಂತು.

"ಕೇಳಿದ್ಯಾ ಮಾರಾಯ್ತಿ? ಅಮೆರಿಕದವರೂ ಈಗ ಹಾಗೇ ನೋಡುದಂತೆ! ರನ್ ಎಲ್ಲ ಆಮೇಲೆ. ಪಿಚರ್ ಹೇಗೆ ಅಂತ ಗೊತ್ತಾಗ್ಬೇಕಾದ್ರೆ ಸ್ಟ್ರೈಕ್‌ಔಟ್ ನೋಡ್ಬೇಕು, ವಾಕ್ ನೋಡ್ಬೇಕು ಅಂತ ಅವ್ರೇ ಹೇಳ್ತಿದ್ದಾರೆ. ನಾನು ಆವತ್ತೇ ಹೇಳ್ಲಿಲ್ವಾ?"

"ಚಿಕ್ಕಮ್ಮಾ, ಗಾಡಿಯಲ್ಲಿದ್ದೇನೆ, ಕೈ ಖಾಲಿ ಇಲ್ಲ."

"ಕೈ ಯಾಕೆ? ಕಿವಿ ಖಾಲಿ ಉಂಟಲ್ಲ!"

ಆ ದಿನದಿಂದ ಇಡೀ ಪ್ರಪಂಚ ಚಿಕ್ಕಮ್ಮನ ಕಣ್ಣಲ್ಲಿ ಎರಡು ಪಾಲಾಯಿತು: ನಮ್ಮ ಕೈಯಲ್ಲಿರುವುದು, ಫೀಲ್ಡರ್ ಕೈಯಲ್ಲಿರುವುದು. ದೋಸೆ ಹಿಟ್ಟು ಹುಳಿ ಬರಲಿಲ್ಲವೇ? ಅದು ಚಳಿಯ ತಪ್ಪು, ಫೀಲ್ಡರ್ ತಪ್ಪು, ಮಾಫಿ. ಉಪ್ಪು ಜಾಸ್ತಿಯಾಯಿತೇ? ಅದು ವಾಕ್! ಅದಕ್ಕೆ ಮಾಫಿ ಇಲ್ಲ. ಚಿಕ್ಕಪ್ಪ ಗಾಡಿ ಲೇಟಾಗಿ ಒಂದು ಗಂಟೆ ತಡವಾಗಿ ಬಂದರೆ ನಗುನಗುತ್ತಾ ಬಾಗಿಲು ತೆಗೆಯುತ್ತಾರೆ. ಕೊತ್ತಂಬರಿ ಸೊಪ್ಪು ಮರೆತು ಸರಿಯಾದ ಸಮಯಕ್ಕೆ ಬಂದರೋ, "ಇವತ್ತಿಗೆ ನಾಲ್ಕನೇ ಬಾಲ್. ವಾಕ್!" ಅಂತ ಬಾಗಿಲಲ್ಲೇ ತೀರ್ಪು. ಚಿಕ್ಕಪ್ಪ ಪಾಪ, ಚಪ್ಪಲಿ ಬಿಚ್ಚದೆ ಹಾಗೇ ಮಾರ್ಕೆಟ್ಟಿಗೆ ವಾಪಸ್ ನಡೆಯುತ್ತಾರೆ. ಅಕ್ಷರಶಃ ವಾಕ್!

ನನ್ನ ಮದುವೆಯ ಹೊತ್ತಿಗೆ ಮೊಬೈಲಿನ ಅಮೆರಿಕ ಇನ್ನೂ ಬಂದಿರಲಿಲ್ಲ, ಆದರೂ ಹುಡುಗನನ್ನು ಅಳೆದದ್ದು ಇದೇ ಅಳತೆಗೋಲಿನಲ್ಲಿ. ನಮ್ಮವರು ಕೋಪರಖೈರಣೆಯಿಂದ ಅಪ್ಪ ಅಮ್ಮನ ಜೊತೆ ಹೆಣ್ಣು ನೋಡಲು ಬಂದಿದ್ದರು. ನನ್ನ ಅಪ್ಪ ಸಂಬಳ ಕೇಳಿದರು. "ಸಂಬಳ ಕಂಪನಿ ಕೊಡುದು, ಅವ್ರದ್ದೆಂತ ಉಂಟು ಅದರಲ್ಲಿ?" ಅಂತ ಚಿಕ್ಕಮ್ಮ ಬಾಯಿ ಮುಚ್ಚಿಸಿದರು. ಸ್ವಂತ ಮನೆಯೇ ಅಂತ ಅಮ್ಮ ಕೇಳಿದರು. "ಅದು ಅವರ ಅಪ್ಪ ಮಾಡಿದ್ದು." ಹಾಗಾದರೆ ನೋಡುವುದು ಏನನ್ನು? ತಿಂಡಿ ತಿಂದ ತಟ್ಟೆಯನ್ನು ನಮ್ಮವರು ತಾವೇ ಎತ್ತಿಕೊಂಡು ಹೋಗಿ ಪಾತ್ರೆ ತೊಳೆಯುವ ಮೋರಿಯಲ್ಲಿಟ್ಟರು. ಸ್ಟ್ರೈಕ್‌ಔಟ್! ಅವರ ಅಮ್ಮ ಮಾತಾಡುವಾಗ ನಡುವೆ ಬಾಯಿ ಹಾಕಲಿಲ್ಲ. ಇನ್ನೊಂದು! ಚಿಕ್ಕಮ್ಮನ ಮುಖ ಅರಳಿತು. ಅರಳಿದ್ದೇ ತಡ, ಅಡುಗೆಮನೆಯಿಂದ ಒಂದು ನಿಂಬೆಹಣ್ಣು ರೊಯ್ಯನೆ ಬಂತು. ನಮ್ಮವರು ಎರಡೂ ಕೈ ಎತ್ತಿದರು, ನಿಂಬೆ ಎರಡರ ನಡುವಿನಿಂದ ಹಾದು ಅವರ ಗದ್ದಕ್ಕೆ ಬಡಿದು ಮಾವನವರ ಪಾಯಸದೊಳಗೆ ಬಿತ್ತು.

"ಹುಡುಗ ಒಳ್ಳೆಯವ," ಅಂದರು ಚಿಕ್ಕಮ್ಮ, ನಿಟ್ಟುಸಿರು ಬಿಟ್ಟು. "ಕ್ಯಾಚರ್ ಅಲ್ಲ."

ನಗಬೇಡಿ, ಆ ನಿಂಬೆಹಣ್ಣಿನ ವಿಷಯ ನಮ್ಮ ಅತ್ತೆ ಇವತ್ತಿಗೂ ಮರೆತಿಲ್ಲ.

ಸೊಸೈಟಿಯ ಕಂಪೌಂಡಿನಲ್ಲಿ ಪ್ರಯೋಗಕ್ಕೆ ಒಳಗಾಗದ ಮನುಷ್ಯ ಉಳಿದಿಲ್ಲ. ಚೆಂಡು ಹಿಡಿಯಲು ಚಿಕ್ಕಪ್ಪನನ್ನು ಕುಕ್ಕರುಗಾಲಲ್ಲಿ ಕೂರಿಸಿದರು; ಕೂತವರನ್ನು ಎಬ್ಬಿಸಲು ಇಬ್ಬರು ಬೇಕಾಯಿತು. ವಾಚ್‌ಮನ್‌ನನ್ನು ಕೂರಿಸಿದರು, ಅವನು ಚೆಂಡಿಗೆ ಸೆಲ್ಯೂಟ್ ಹೊಡೆದು ಪಕ್ಕಕ್ಕೆ ಸರಿದ. ಚೆಂಡು ಸೀದಾ ಸೆಕ್ರೆಟರಿಯ ಕಿಟಕಿಗೆ ಹೋಯಿತು. "ಕಾಕೂ, ಕಾಚ ಫುಟಲೀ!" ಅಂತ ಆ ಮನುಷ್ಯ ಕೂಗಿಕೊಂಡು ಹೊರಗೆ ಬಂದರು. ಗಾಜು ಒಡೆಯಿತಲ್ಲ ಅಂತ ಅವರಿಗೆ ಸಂಕಟ. ಚಿಕ್ಕಮ್ಮ ಮಾತ್ರ ಶಾಂತವಾಗಿ, "ಚೆಂಡು ಸರಿಯಾಗಿಯೇ ಇತ್ತು ಭಾವೂ, ಹಿಡಿಯುವವರು ಇರಲಿಲ್ಲ," ಅಂತ ಮರಾಠಿಯಲ್ಲಿ ತಿಳಿಸಿದರು. ಗಾಜಿನ ದುಡ್ಡು ಚಿಕ್ಕಪ್ಪ ಕೊಟ್ಟರು.

ಹೀಗೆ ನಗುತ್ತಲೇ ಇದ್ದ ನಾನು ಕಳೆದ ಚಳಿಗಾಲದ ಒಂದು ಭಾನುವಾರ ಬೆಳಿಗ್ಗೆ ಒಂದು ಪ್ರಶ್ನೆ ಕೇಳಿದೆ. ಚಿಕ್ಕಮ್ಮನ ಪಕ್ಕದಲ್ಲೇ ಕೂತು ಮೊಬೈಲಿನಲ್ಲಿ ಹಳೆಯದೊಂದು ಆಟ ನೋಡುತ್ತಿದ್ದೆ. ದಾಂಡಿನವನ ಬೆನ್ನ ಹಿಂದೆ, ಮುಖಕ್ಕೆ ಜಾಲರಿ ಕಟ್ಟಿಕೊಂಡು, ಕುಕ್ಕರುಗಾಲಲ್ಲಿ ಒಬ್ಬ ಕೂತಿದ್ದ. ಬಂದ ಚೆಂಡನ್ನೆಲ್ಲ ಅವನೇ ಹಿಡಿಯುತ್ತಿದ್ದ.

"ಚಿಕ್ಕಮ್ಮಾ, ಸ್ಟ್ರೈಕ್‌ಔಟಿನಲ್ಲಿ ಬೇರೆ ಯಾರದ್ದೂ ಪಾಲಿಲ್ಲ ಅಂತೀರಲ್ಲ. ಹಾಗಾದ್ರೆ ಇವನು ಯಾರು?"

ಚಿಕ್ಕಮ್ಮ ಸೌಟು ಕೆಳಗಿಟ್ಟರು. ಮೊಬೈಲಿನ ಆಟ ನಿಲ್ಲಿಸಿದರು. ಆಮೇಲೆ ಹೇಳಿದರು.

ಅವರ ಕ್ಯಾಚರ್ ಹೆಸರು ಶರಣಮ್ಮ. ಕಲಬುರಗಿಯ ಆಳಂದದ ಕಡೆಯವಳು. ಅಪ್ಪ ವಾಗ್ಳೆ ಎಸ್ಟೇಟಿನ ಕಾರ್ಖಾನೆಯೊಂದರಲ್ಲಿ ಲೋಡಿಂಗ್ ಕೆಲಸ ಮಾಡುತ್ತಿದ್ದ, ಮನೆ ಕಾರ್ಖಾನೆಯ ಹಿಂದಿನ ಸಾಲುಮನೆಗಳ ಚಾಳಿನಲ್ಲಿ. ಇಬ್ಬರದ್ದೂ ಒಂದೇ ಕ್ಲಾಸು. ಆದರೆ ಚಿಕ್ಕಮ್ಮನ ಕನ್ನಡ ಅವಳಿಗೆ ನಗು, ಅವಳ ಕನ್ನಡ ಚಿಕ್ಕಮ್ಮನಿಗೆ ನಗು. ಶಾಲೆ ಬಿಟ್ಟ ಮೇಲೆ ಕತ್ತಲಾಗುವವರೆಗೂ ಇವರು ಎಸೆಯುವುದು, ಅವಳು ಹಿಡಿಯುವುದು. ಜಾಲರಿ ಇರಲಿಲ್ಲ, ಕೈಗವಸಿನಲ್ಲಿ ತೂತು. ಕೆಲವು ದಿನ ಅವಳ ಬೆರಳು ಊದಿಕೊಂಡು ಪೆನ್ನು ಹಿಡಿಯಲಾಗುತ್ತಿರಲಿಲ್ಲವಂತೆ. ಇವತ್ತು ಸಾಕು ಅಂತ ಚಿಕ್ಕಮ್ಮ ಅಂದರೆ, "ನೀ ಒಗಿಯಲೇ, ನಾ ಅದೀನಿ" ಅನ್ನುತ್ತಿದ್ದಳಂತೆ. ಒಗಿ ಅಂದರೆ ಅವರ ಕಡೆ ಎಸೆ ಅಂತ.

"ಹಾಗೆ ಆಮೇಲೆ ನನಗೆ ಯಾರೂ ಹೇಳ್ಲಿಲ್ಲ," ಅಂದರು ಚಿಕ್ಕಮ್ಮ.

ಚಿಕ್ಕಪ್ಪ ಪೇಪರಿನಿಂದ ತಲೆ ಎತ್ತಿದರು, ಮತ್ತೆ ಪೇಪರಿಗೇ ಹೋದರು. ಒಳ್ಳೆಯ ಮನುಷ್ಯ.

ಒಂದು ವರ್ಷ ಬೇಸಿಗೆ ರಜೆಯಲ್ಲಿ ಕಾರ್ಖಾನೆ ಮುಚ್ಚಿತು. ಚಿಕ್ಕಮ್ಮ ಊರಿಗೆ ಹೋಗಿದ್ದರು. ಜೂನಿನಲ್ಲಿ ಬಂದು ನೋಡಿದರೆ ಚಾಳಿನಲ್ಲಿ ಬೇರೆ ಯಾರೋ ಇದ್ದರು. ಮದುವೆ ಮಾಡಿದರಂತೆ ಅಂತ ಒಬ್ಬರು, ಇಲ್ಲ, ಬೇರೆ ಕಡೆ ಕೆಲಸಕ್ಕೆ ಹೋದರಂತೆ ಅಂತ ಇನ್ನೊಬ್ಬರು. ಅಷ್ಟೇ. ಅವಳು ಹೋಗುವಾಗ ಇವರಿಗೆ ಗೊತ್ತಾಗಲಿಲ್ಲ, ಇವರು ಹುಡುಕಿದ್ದು ಅವಳಿಗೆ ಗೊತ್ತಾಗಲಿಲ್ಲ. ಒಂದು ಸಲ ನೋಡಬೇಕು ಮಾರಾಯ್ತಿ, ಒಂದೇ ಸಲ, ಅಂದರು ಚಿಕ್ಕಮ್ಮ. ಇಷ್ಟು ವರ್ಷ ನಾವು ಬೀಳಿಸಿದ ನಿಂಬೆಹಣ್ಣು ಬಟಾಟೆಗಳೆಲ್ಲ ನನಗೆ ನೆನಪಾದವು. ಅವರು ಕ್ಯಾಚರ್ ಹುಡುಕುತ್ತಿರಲಿಲ್ಲ. ಶರಣಮ್ಮನನ್ನು ಹುಡುಕುತ್ತಿದ್ದರು!

ಅದಾದ ಸ್ವಲ್ಪ ದಿನಕ್ಕೆ ನಮ್ಮ ಕೋಪರಖೈರಣೆಯ ಸಂತೆಯಲ್ಲಿ ನಾನೊಂದು ದೃಶ್ಯ ಕಂಡೆ. ವಾಶಿಯ ದೊಡ್ಡ ಮಾರ್ಕೆಟ್ಟಿನಿಂದ ಎಲೆಕೋಸಿನ ಟೆಂಪೋ ಬಂದಿತ್ತು. ಮೇಲಿನಿಂದ ಒಬ್ಬ ಎಸೆಯುತ್ತಿದ್ದ, ಕೆಳಗೆ ಕುಕ್ಕರುಗಾಲಲ್ಲಿ ಕೂತ ಹೆಂಗಸೊಬ್ಬಳು ಹಿಡಿದು ರಾಶಿ ಹಾಕುತ್ತಿದ್ದಳು. ಹಿಡಿಯುವುದೆಂದರೆ ಎಂಥ ಹಿಡಿತ ಅಂತೀರಿ! ಎಡಕ್ಕೆ ಬಂದದ್ದು, ಬಲಕ್ಕೆ ಬಂದದ್ದು, ತಲೆಯ ಮೇಲೆ ಬಂದದ್ದು, ಒಂದೂ ನೆಲಕ್ಕೆ ಬೀಳಲಿಲ್ಲ. ಜೊತೆಗೆ ಮೇಲಿದ್ದವನಿಗೆ ಬೈಗುಳ, "ಸರೀಗ್ ಒಗಿಯೋ ಮೂಳಾ!" ಒಗಿ ಅಂದಳು! ಕಲಬುರಗಿಯ ಕಡೆಯ ಮಾತು! ಕೊತ್ತಂಬರಿ ತಗೊಳ್ಳದೆ ಮನೆಗೆ ಓಡಿ ಫೋನ್ ಮಾಡಿದೆ.

ಮುಂದಿನ ಸಂತೆಗೆ ಚಿಕ್ಕಮ್ಮ ಬಂದರು. ಚೌತಿಗೆ ಉಡುವ ಸೀರೆ ಉಟ್ಟಿದ್ದರು, ತಲೆಗೆ ಬಣ್ಣ ಹಚ್ಚಿದ್ದರು. ಕರೆತರಲು ಹೋಗಿದ್ದ ನನ್ನ ಜೊತೆ ಥಾಣೆಯಲ್ಲಿ ಗಾಡಿ ಬದಲಿಸಿ ಕೂತವರು ಐರೋಲಿ ಸ್ಟೇಷನ್ನಿನಿಂದಲೇ "ಬಂತಾ?" ಅಂತ ಶುರುಮಾಡಿದರು. ಘಣಸೋಲಿ ಬರುವ ಮೊದಲೇ ಎದ್ದು ಬಾಗಿಲಿಗೆ ನಿಂತರು.

"ನನ್ನ ಗುರುತು ಸಿಗ್ತದಾ ಅವಳಿಗೆ? ದಪ್ಪ ಆಗಿದ್ದೇನಲ್ಲ."

"ನೀವು ಬಾಯಿ ತೆರೆದ್ರೆ ಸಾಕು, ಗುರುತು ಸಿಗ್ತದೆ."

ಸಂತೆಯ ತುದಿಯಲ್ಲಿ ಟೆಂಪೋ ನಿಂತಿತ್ತು. ಎಲೆಕೋಸು ಹಾರುತ್ತಿತ್ತು. ಬೆನ್ನು ಮಾತ್ರ ಕಾಣುತ್ತಿತ್ತು, ಅದೇ ಕುಕ್ಕರುಗಾಲು, ಅದೇ ಕೈ. ಚಿಕ್ಕಮ್ಮ ನನ್ನ ಕೈ ಬಿಟ್ಟರು. ಮಂಡಿ ನೋವಿನ ಹೆಂಗಸು ಆ ಜನಜಂಗುಳಿಯಲ್ಲಿ ಓಡಿದರು ಅಂದರೆ ನಂಬುತ್ತೀರಾ?

"ಶರಣೀ! ಏ ಶರಣೀ!"

ಆಕೆ ತಿರುಗಿದಳು. ನಲವತ್ತು ದಾಟದ ಮುಖ. ಕರಿಕೂದಲು.

ದೇವರೇ, ನನ್ನ ಬುದ್ಧಿಗೆ ಏನು ಹೇಳಲಿ! ಶರಣಮ್ಮನಿಗೂ ಚಿಕ್ಕಮ್ಮನಷ್ಟೇ ವಯಸ್ಸಾಗಿರಬೇಕಲ್ಲ? ಅವಳ ಮಂಡಿಯೂ ನೋಯುತ್ತಿರಬೇಕಲ್ಲ? ಚಿಕ್ಕಮ್ಮನ ಮಾತಿನಲ್ಲಿ ಅವಳಿಗೆ ವಯಸ್ಸೇ ಆಗಿರಲಿಲ್ಲ, ಹಾಗಾಗಿ ನಾನೂ ಲೆಕ್ಕ ಹಾಕಲಿಲ್ಲ. ಅಲ್ಲೇ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ನಾ ಶರಣಮ್ಮ ಅಲ್ರೀ ಯಕ್ಕಾ. ಮಲ್ಲಮ್ಮ ರೀ ನಾ, ಜೇವರ್ಗಿ ಕಡೇದಾಕಿ." ಚಿಕ್ಕಮ್ಮನ ಮುಖ ನೋಡಿ ಆಕೆ ಕೈಯಲ್ಲಿದ್ದ ಎಲೆಕೋಸು ಕೆಳಗಿಟ್ಟು ಎದ್ದು ನಿಂತಳು. "ಯಾರ್ರೀ ಅವ್ರು, ನಿಮ್ಮ ತಂಗಿಯವ್ರೇನ್ರೀ?"

ಚಿಕ್ಕಮ್ಮ ಇಲ್ಲ ಅನ್ನಲಿಲ್ಲ. ಆಳಂದದ ಕಡೆಯವಳು, ವಾಗ್ಳೆ ಎಸ್ಟೇಟಿನಲ್ಲಿದ್ದಳು, ಬಲಗೈಯ ಕಿರುಬೆರಳು ಸ್ವಲ್ಪ ಸೊಟ್ಟ, ಅಂತ ಒಂದೊಂದಾಗಿ ಹೇಳಿದರು. ಕೆಳಗಿಟ್ಟ ಎಲೆಕೋಸನ್ನೇ ನೋಡುತ್ತಾ ಹೇಳಿದರು.

"ನಮ್ಮ ಅಕ್ಕನ್ನ ಆಳಂದದ ಕಡೀಗೇ ಕೊಟ್ಟಾರ್ರೀ. ಪಂಚಮಿಗಿ ಹೋಗ್ತೀನಿ, ಎಲ್ಲಾರ್ನೂ ಕೇಳ್ತೀನಿ. ಸಿಕ್ರ ಏನಂತ ಹೇಳ್ಲಿ?"

ಡೊಂಬಿವಲಿಗೆ ಬಾ ಅನ್ನು, ನನ್ನ ಫೋನ್ ನಂಬರ್ ಕೊಡು, ಅಂತ ಚಿಕ್ಕಮ್ಮ ಹೇಳಬಹುದು ಅಂದುಕೊಂಡೆ. ಅವರು ಸೆರಗಿನಿಂದ ಕಣ್ಣು ಒರೆಸಿಕೊಂಡರು, ಮೂಗು ಒರೆಸಿಕೊಂಡರು. ಟೆಂಪೋದ ಮೇಲಿದ್ದವನೂ ಕೋಸು ಎಸೆಯುವುದು ಬಿಟ್ಟು ಕಾಯುತ್ತಾ ನಿಂತ.

"ಸ್ಟ್ರೈಕ್‌ಔಟ್‌ನಲ್ಲಿ ಅರ್ಧ ಅವಳದ್ದು ಅಂತ ಹೇಳು," ಅಂದರು ಚಿಕ್ಕಮ್ಮ. "ವಾಕ್ ಎಲ್ಲ ನನಗೇ ಇರ್ಲಿ."