ಫ್ರಿಜ್ಜು ಮಸುಕಾದ ಪ್ರಕರಣ

ಟಿ.ಬಿ. ಡ್ಯಾಂ ಕ್ವಾರ್ಟರ್ಸಿನ ರೇವಣಸಿದ್ದನ ಮನೆಗೆ ಕ್ಯಾಮೆರಾ ಬಂದಂದಿನಿಂದ ಅಲ್ಲಿ ಯಾರಿಗೂ ಕಾಲಿಲ್ಲ. ಗಾಬರಿಯಾಗಬೇಡಿ, ಎಲ್ಲರೂ ಚೆನ್ನಾಗಿಯೇ ಓಡಾಡಿಕೊಂಡಿದ್ದಾರೆ. ಫೋಟೋದಲ್ಲಿ ಮಾತ್ರ ಕಾಲಿಲ್ಲ. ಕೆಲವರಿಗೆ ಕೈಯೂ ಇಲ್ಲ. (ಪಕ್ಕದ ಮನೆಯ ಗಾಳೆಪ್ಪನವರಿಗೆ ಒಂದು ಕಿವಿಯೂ ಇಲ್ಲ. ಅವರು ಮಾತು ಬಿಟ್ಟಿದ್ದಾರೆ.)

ಕಾಲುವೆ ಆಫೀಸಿನಲ್ಲಿ ಗುಮಾಸ್ತನಾಗಿರುವ ರೇವಣಸಿದ್ದ, ಯಾವ ತೂಬಿಗೆ ಎಷ್ಟು ನೀರು ಎಂದು ಬರೆದು ಬರೆದು ಬೇಸತ್ತು, ನಡುವಯಸ್ಸಿನಲ್ಲಿ ಕಲಾವಿದನಾಗಲು ನಿರ್ಧರಿಸಿದವನು. ಯೂಟ್ಯೂಬಿನ ಗುರುವೊಬ್ಬರು ಅವನಿಗೆ ಮಂತ್ರೋಪದೇಶ ಮಾಡಿದ್ದರು: ಮುಖವೇ ಮನುಷ್ಯ, ಹಿಂದಿನದೆಲ್ಲ ಮಾಯೆ. ಆದ್ದರಿಂದ ಮುಖದ ಹತ್ತಿರಕ್ಕೆ ಹೋಗಬೇಕು, ಹಿಂದಿರುವುದನ್ನೆಲ್ಲ ಮಸುಕು ಮಾಡಬೇಕು. ಇಷ್ಟು ವೇದಾಂತ ತಲೆಗೇರಿದ ಮೇಲೆ ಮನುಷ್ಯ ಹೆಂಡತಿಯ ಮಾತು ಕೇಳುತ್ತಾನೆಯೇ?

ಮೊದಲ ಬಲಿ ಫ್ರಿಜ್ಜು. ಹೆಂಡತಿ ಸುನಿತಾ ಎರಡು ಬಾಗಿಲಿನ ಹೊಸ ಫ್ರಿಜ್ಜಿಗೆ ವಿಭೂತಿ ಹಚ್ಚಿ, ಹೂವು ಏರಿಸಿ, ಜರಿ ಸೀರೆಯುಟ್ಟು ಅದರ ಮುಂದೆ ನಿಂತು, ಸಂಡೂರಿನ ಅಕ್ಕನಿಗೆ ಕಳಿಸಲು ಒಂದು ಫೋಟೋ ತೆಗೆಯಿರಿ ಎಂದಳು. ಫೋಟೋ ಬಂತು. ಸುನಿತಾಳ ಒಂದೊಂದು ರೆಪ್ಪೆಯನ್ನೂ ಎಣಿಸಬಹುದಿತ್ತು. ಫ್ರಿಜ್ಜಿನ ಜಾಗದಲ್ಲಿ ಮಂಜು ಕವಿದಿತ್ತು.

"ಫ್ರಿಜ್ ಎಲ್ಲೈತ್ರೀ?"

"ಹಿಂದಗಡೆ ಐತಲ್ಲ. ಬ್ಲರ್ ಆಗೈತಿ. ಅದ ನೋಡು ಕಲೆ."

"ನನ್ನ ಮಾರಿ ನಮ್ಮಕ್ಕ ನಾ ಹುಟ್ಟಿದಾಗಿಂದ ನೋಡ್ಯಾಳ್ರಿ. ಆಕಿ ನೋಡಬೇಕಾಗಿದ್ದು ಫ್ರಿಜ್ಜು!"

ಮನೆಯವರಿಗೆ ರಸಜ್ಞತೆ ಇಲ್ಲವೆಂದು ತೀರ್ಮಾನಿಸಿದ ಕಲಾವಿದ ಭಾನುವಾರ ಹಂಪಿಗೆ ಹೋಗಿ ಅಪರಿಚಿತರ ಬೆನ್ನು ಹತ್ತಿದ. ಗುಡಿಯ ಮುಂದೆ ಬಾಳೆಹಣ್ಣು ಮಾರುವ ಯಲ್ಲಕ್ಕನ ನಗು ಅವನನ್ನು ಹಿಡಿದು ನಿಲ್ಲಿಸಿತು. ಒಂದು ಫೋಟೋ ತೆಗೀಲಾ ಎಂದ. ಯಲ್ಲಕ್ಕ ಒಪ್ಪಿದ್ದೇ ತಡ, ನಗು ಮಾಯ. ಎದ್ದು, ಸೆರಗು ಹೊದ್ದು, ಎರಡೂ ಕೈ ತೊಡೆಗೆ ಅಂಟಿಸಿ, ಜನಗಣಮನಕ್ಕೆ ನಿಂತಂತೆ ನಿಂತಳು.

"ಹಂಗ ಬ್ಯಾಡವ್ವ, ಕುಂತ್ಕೊಂಡು ಹಣ್ಣು ಮಾರು."

"ಹಣ್ಣು ದಿನಾ ಮಾರ್ತೀನಪ್ಪ. ಫೋಟೋಕ್ಕ ನಿಂದ್ರೂದು ಇವತ್ತ."

ಅವನು ಅವಳ ಮುಖದ ಹತ್ತಿರಕ್ಕೆ ಹೋಗಿ ಕ್ಲಿಕ್ಕಿಸಿ ತೋರಿಸಿದ. ಯಲ್ಲಕ್ಕ ಪರದೆಯನ್ನು ಮೇಲಿಂದ ಕೆಳಗೆ ಹುಡುಕಿದಳು. "ನನ್ನ ಕಾಲುಂಗರ ಎಲ್ಲಿ? ಬರೇ ಮಾರಿ ತಗದೀಯಲ್ಲ, ಆಧಾರ್ ಕಾರ್ಡಿಗೇನು?"

ಇಷ್ಟಾದರೂ ಅವನು ಬುದ್ಧಿ ಕಲಿಯಲಿಲ್ಲ. ಕಂಪ್ಲಿಯಲ್ಲಿ ಅಕ್ಕಿ ಗಿರಣಿ ಇಟ್ಟಿರುವ ಸುನಿತಾಳ ತಮ್ಮ ಗಾದಿಲಿಂಗಪ್ಪ ಭತ್ತ ಕೊಯ್ಯುವ ಹೊಸ ಮಷಿನ್ ತಂದು ಪೂಜೆ ಇಟ್ಟುಕೊಂಡ. ಮಷಿನ್ನಿನ ಮುಂದೆ ಅತ್ತೆ ನೀಲಗಂಗಮ್ಮನನ್ನು ನಿಲ್ಲಿಸಿ ಫೋಟೋ ತೆಗೆಯುವ ಹೊಣೆ ಅಳಿಯನ ಮೇಲೆ ಬಿತ್ತು. ಅತ್ತೆಯ ಮೂಗುತಿ ಫಳಫಳ ಹೊಳೆಯಿತು. ಮಷಿನ್ ಮಾತ್ರ ಪಾಚಿ ಕಟ್ಟಿದ ಗೋಡೆಯಂತೆ ಕಂಡಿತು.

"ಭಾವ, ಮಷಿನ್ ಬಾಡಿಗಿಗೆ ಐತಿ ಅಂತ ಸ್ಟೇಟಸ್ ಹಾಕಬೇಕಂತಿದ್ದೆ," ಎಂದು ಗಾದಿಲಿಂಗಪ್ಪ ತಲೆಯ ಮೇಲೆ ಕೈ ಹೊತ್ತ. "ಈ ಫೋಟೋ ಹಾಕಿದ್ರ ಮಂದಿ ನಮ್ಮವ್ವನ್ನ ಬಾಡಿಗಿಗೆ ಕರೀತಾರ!"

ತವರಿನಲ್ಲಿ ಮಾನ ಹೋದ ಸುನಿತಾ ಬಸ್ಸಿನಲ್ಲಿಯೇ ತೀರ್ಪು ಕೊಟ್ಟಳು. "ಅವ್ವ ಮುಂದಿನ ವಾರ ನಮ್ಮನಿಗೆ ಬರ್ತಾಳ. ಆಕಿ ಬಾಯಿಲಿಂದ ಒಂದ ಒಂದು ಫೋಟೋಕ್ಕ 'ಚಲೋ ಬಂದೈತಿ' ಅನಿಸ್ರಿ. ಇಲ್ಲಂದ್ರ ಕ್ಯಾಮೆರಾ ಮಾರಿ ಮಿಕ್ಸರ್ ತರೂದು."

ಇದು ಸಣ್ಣ ಶರತ್ತಲ್ಲ. ನೀಲಗಂಗಮ್ಮ ಮಗಳ ಮದುವೆಯ ಹೋಳಿಗೆಗೇ ಚಲೋ ಅಂದವಳಲ್ಲ. ಅಳಿಯನನ್ನು ಕುರಿತಂತೂ ಆ ಮಾತು ಅವಳ ಬಾಯಿಗೆ ಬಂದದ್ದೇ ಇಲ್ಲ. ಆದರೆ ರೇವಣಸಿದ್ದ ಹಠಕ್ಕೆ ಬಿದ್ದ. ಕ್ಯಾಮೆರಾ ಹೋದರೆ ಮತ್ತೆ ತೂಬು, ಮತ್ತೆ ನೀರು. ಆ ಬದುಕನ್ನು ನೆನೆದರೇ ಅವನಿಗೆ ಎದೆ ಒಣಗುತ್ತಿತ್ತು.

ಅತ್ತೆ ಬಂದಳು. ಕ್ಯಾಮೆರಾ ಕಂಡೊಡನೆ ಕಲ್ಲಾದಳು. ಅಳಿಯ ತುಳಸಿಕಟ್ಟೆಯ ಹಿಂದೆ ಅಡಗಿದ, ಒಗೆಯುವ ಕಲ್ಲಿನ ಹಿಂದೆ ಕೂತ. ಒಮ್ಮೆ ಪರದೆಯ ಹಿಂದೆ ನಿಂತಿದ್ದಾಗ ಹೆಗ್ಗಣವೆಂದು ತಿಳಿದ ಅತ್ತೆಯಿಂದ ಪೊರಕೆಯ ಏಟನ್ನೂ ತಿಂದ. (ಪೊರಕೆ ಬಿದ್ದದ್ದು ಯಾರಿಗೆಂದು ಗೊತ್ತಾದ ಮೇಲೂ ಆಕೆ ಇನ್ನೊಂದು ಹಾಕಿದ್ದು ಯಾಕೆಂದು ಅವನಿಗೆ ಇನ್ನೂ ತಿಳಿದಿಲ್ಲ.)

ಕೊನೆಗೊಂದು ಮಧ್ಯಾಹ್ನ ನೀಲಗಂಗಮ್ಮ ಹಿತ್ತಲ ಬಾಗಿಲಲ್ಲಿ ಮೊರ ಇಟ್ಟುಕೊಂಡು ಅಕ್ಕಿಯ ಕಲ್ಲು ಆರಿಸುತ್ತಿದ್ದಳು. ಬಿಸಿಲು ಓರೆಯಾಗಿ ಬಿದ್ದಿತ್ತು. ಏನು ನೆನಪಾಯಿತೋ, ತನ್ನಷ್ಟಕ್ಕೇ ನಕ್ಕಳು. ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿದ್ದ ಅಳಿಯ ಒತ್ತಿಯೇಬಿಟ್ಟ. ಹಣೆಯ ವಿಭೂತಿ, ಕೆನ್ನೆಯ ಸುಕ್ಕು, ಕಣ್ಣಂಚಿನ ನಗು, ಎಲ್ಲವೂ ಬಂದಿತ್ತು. ಚಿತ್ರ ನೋಡಿದಷ್ಟೂ ರೇವಣಸಿದ್ದನ ಕಣ್ಣು ತುಂಬುತ್ತಿತ್ತು. ಹುಡುಗಾಟವಲ್ಲ, ಫೋಟೋ ನಿಜವಾಗಿಯೂ ಚೆನ್ನಾಗಿತ್ತು.

ಮರುದಿನವೇ ಅದನ್ನು ಹೊಸಪೇಟೆಯ ಹುಲುಗೇಶನ ಫ್ರೇಮ್ ಅಂಗಡಿಗೆ ಒಯ್ದ. "ನಮ್ಮತ್ತಿಯೋರು. ದೊಡ್ಡದಾಗಿ ಹಾಕಪ್ಪ, ಏನೂ ಕಮ್ಮಿ ಮಾಡಬ್ಯಾಡ," ಎಂದ. ಹುಲುಗೇಶ ಚಿತ್ರ ನೋಡಿದ, ಕಲಾವಿದನ ಒದ್ದೆ ಕಣ್ಣು ನೋಡಿದ, ಹಾಡುತ್ತಿದ್ದ ರೇಡಿಯೋ ಆರಿಸಿದ. "ನೀವೇನ್ ಚಿಂತಿ ಮಾಡಬ್ಯಾಡ್ರಿ. ಎಲ್ಲಾ ನನಗ ಬಿಟ್ಬಿಡ್ರಿ," ಎಂದು ಮೆಲುದನಿಯಲ್ಲಿ ಹೇಳಿದ. ಕಲೆಗೆ ಇಂಥ ಮರ್ಯಾದೆಯನ್ನು ರೇವಣಸಿದ್ದ ಎಲ್ಲೂ ಕಂಡಿರಲಿಲ್ಲ.

ಅವ್ವನನ್ನು ಕರೆದೊಯ್ಯಲು ಗಾದಿಲಿಂಗಪ್ಪ ಬಂದ ದಿನವೇ ಅನಾವರಣ ಸಮಾರಂಭ. ಎಲ್ಲರನ್ನೂ ಕೂರಿಸಿ, ಎರಡು ಮಾತಾಡಿ, ಕಲಾವಿದ ಸುತ್ತಿದ್ದ ಕಾಗದ ಹರಿದ.

ಚಿನ್ನದ ಬಣ್ಣದ ಕಟ್ಟು. ಅದಕ್ಕೆ ಅಡ್ಡಲಾಗಿ ಗಂಧದ ಚಕ್ಕೆಯ ಹಾರ. ಕೆಳಗೆ ಹಗಲೂ ರಾತ್ರಿ ಉರಿಯಲೆಂದು ಒಂದು ಪುಟ್ಟ ಕೆಂಪು ಬಲ್ಬು.

ಹುಲುಗೇಶನದು ತಪ್ಪಿಲ್ಲ. ಈ ಕಡೆ ಬದುಕಿರುವವರು ಕಾಲು ಸಮೇತ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಇಷ್ಟು ದೊಡ್ಡದಾಗಿ ಬರೀ ಮುಖ ಬಂದರೆ ಅವರು ಹೋದವರೇ.

ಗಾದಿಲಿಂಗಪ್ಪ ಒಮ್ಮೆ ಹಾರ ನೋಡಿದ, ಒಮ್ಮೆ ಅವ್ವನನ್ನು ನೋಡಿದ. ಸುನಿತಾ ಎದ್ದಳು. "ಅವ್ವ ಕಣ್ಣೆದುರಿಗೆ ಗುಂಡಗಲ್ಲಿನಂಗ ಕುಂತಾಳ, ಹಾರ ಹಾಕ್ಸಿ ತಂದೀರಲ್ರೀ! ಎಲ್ಲೈತಿ ಆ ಕ್ಯಾಮೆರಾ?"

"ತಡೀಲೇ," ಎಂದಳು ನೀಲಗಂಗಮ್ಮ. ಚಾಳೀಸು ಕನ್ನಡಕ ಹಾಕಿಕೊಂಡು ತನ್ನನ್ನು ತಾನೇ ಬಹಳ ಹೊತ್ತು ನೋಡಿದಳು. ರೇವಣಸಿದ್ದ ಪೊರಕೆ ಎಲ್ಲಿದೆಯೆಂದು ಕಣ್ಣಲ್ಲೇ ಹುಡುಕಿದ.

"ಭಾಳ ಚಲೋ ಬಂದೈತಿ," ಎಂದಳು ಅತ್ತೆ.

ಆಮೇಲೆ ಮಗ, ಮಗಳ ಕಡೆ ತಿರುಗಿದಳು.

"ನಿಮ್ಮಪ್ಪ ಹೋದಾಗ ಒಂದು ನೆಟ್ಟಗಿನ ಫೋಟೋ ಸಿಗಲಿಲ್ಲ. ಯಾರದೋ ಮದಿವಿ ಫೋಟೋದಾಗಿಂದ ಮಾರಿ ಕತ್ತರಿಸಿ ದೊಡ್ಡದು ಮಾಡ್ಸಿದ್ರಿ. ಇವತ್ತಿಗೂ ಅವರ ಹೆಗಲ ಮ್ಯಾಲ ಗುರ್ತಿಲ್ಲದವರ ಕೈ ಐತಿ. ದೀಪ ಹಚ್ಚುವಾಗೆಲ್ಲ ಆ ಕೈಗೂ ನಮಸ್ಕಾರ ಬೀಳ್ತೈತಿ. ನಂದೂ ಹಂಗಾಗಬಾರ್ದಪ್ಪ, ಈಗ್ಲೇ ಒಂದು ತಗಸು ಅಂದ್ರ ಈ ನನ್ನ ಮಗ 'ಬಿಡಬೇ, ಅದೆಲ್ಲ ಈಗ್ಯಾಕ' ಅಂತಾನ. ನಮ್ಮ ಅಳಿಯಾರು ನೋಡು, ಕೇಳದನ ಮಾಡಿಕೊಟ್ರು."

ಸುನಿತಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ಇದೊಂದೂ ತನ್ನ ತಲೆಯಲ್ಲಿ ಇರಲಿಲ್ಲವೆಂದು ಹೇಳಲು ರೇವಣಸಿದ್ದ ಬಾಯಿ ತೆರೆದ. ಕ್ಯಾಮೆರಾ ನೆನಪಾಗಿ ಮುಚ್ಚಿಕೊಂಡ.

ಕ್ಯಾಮೆರಾ ಉಳಿಯಿತು. ಅವನ ಗ್ರಹಚಾರವೂ ಉಳಿಯಿತು. ನೀಲಗಂಗಮ್ಮ ಕಂಪ್ಲಿಯಲ್ಲಿ ಆ ಫೋಟೋವನ್ನು ಮನೆಮನೆಗೆ ತೋರಿಸಿದಳು. ಮುಂದಿನ ಭಾನುವಾರ ಗಿರಣಿಯ ಅಂಗಳದಲ್ಲಿ ಊರಿನ ಹಿರಿಯರೆಲ್ಲ ಮಿಂದು ವಿಭೂತಿ ಧರಿಸಿ ಅವನಿಗಾಗಿ ಸಾಲಾಗಿ ಕೂತಿದ್ದರು. ಪಕ್ಕದ ಊರು ಮೆಟ್ರಿಯಿಂದಲೂ ಒಂದು ಟಂಟಂ ಆಟೋ ತುಂಬ ಬಂದಿದ್ದರು.

"ಕಾಲು ಬ್ಯಾಡಪ್ಪ, ಬರೇ ಮಾರಿ," ಎಂದಳು ಉಚ್ಚೆಂಗಮ್ಮ ಎಂಬ ಮುದುಕಿ. "ಹಿಂದಗಡೆದ್ದೆಲ್ಲ ಮಸುಕು ಮಾಡು. ಜಲ್ದಿ ಮಾಡು, ಯಾರಿಗ್ಗೊತ್ತು."

ಅವನು ಬೇಡಿದ್ದೆಲ್ಲ ಒಂದೇ ದಿನ ಸಿಕ್ಕಿತು. ಈಗ ಕಂಪ್ಲಿಯಲ್ಲಿ ಅವನಿಗೆ 'ಹಾರದ ಅಳಿಯ' ಎಂದು ಹೆಸರು. ಯಾರದಾದರೂ ಮನೆಯಲ್ಲಿ ಜ್ವರ ಬಂದು ಮಲಗಿದ್ದಾಗ ಅವನು ಆ ಬೀದಿಯಲ್ಲಿ ಹಾದುಹೋದರೆ ಕದ ಹಾಕಿಕೊಳ್ಳುತ್ತಾರೆ.

ಮೊನ್ನೆ ಟಿ.ಬಿ. ಡ್ಯಾಮಿಗೆ ಬಂದಿದ್ದ ಅತ್ತೆ ಅವನ ತಲೆಯನ್ನೇ ದಿಟ್ಟಿಸಿ ನೋಡಿ, "ಅಳಿಯಾರ, ನಿಮ್ದೂ ಒಂದು ತಗಸಿಟ್ಬಿಡ್ರಿ, ನಾಕು ಕೂದ್ಲ ಇರೂದ್ರೊಳಗ," ಎಂದಳು. ತೆಗೆಯುವವರು ಯಾರು? ಸುನಿತಾ ಕೈ ಒರೆಸಿಕೊಂಡು ಬಂದಳು. ಕಲಾವಿದ ಅಡುಗೆಮನೆಯಲ್ಲಿ ಗಲ್ಲಕ್ಕೆ ಬೆರಳಿಟ್ಟು, ದೂರಕ್ಕೆ ದೃಷ್ಟಿ ನೆಟ್ಟು ಕುಳಿತ. ಕ್ಲಿಕ್ಕಾಯಿತು. ಓಡಿಹೋಗಿ ನೋಡಿದ.

ಫ್ರಿಜ್ಜಿನ ಹಿಡಿಕೆ, ಬಾಗಿಲ ಸಂದು, ಐದು ನಕ್ಷತ್ರದ ಚೀಟಿ, ಎಲ್ಲವೂ ಕಣ್ಣಿಗೆ ಕಟ್ಟುವಂತಿದ್ದವು. ಅದರ ಮುಂದೆ ಮೀಸೆಯಿದ್ದ ಒಂದು ಮಂಜು ಕವಿದಿತ್ತು.

"ಲೇ, ನಾನೆಲ್ಲಿ?"

"ಮುಂದಗಡೆ ಅದೀರಲ್ಲ. ಬ್ಲರ್ ಆಗೀರಿ. ಅದ ನೋಡ್ರಿ ಕಲೆ," ಎಂದು ಸುನಿತಾ ಅದನ್ನು ಸಂಡೂರಿನ ಅಕ್ಕನಿಗೆ ಕಳಿಸಿಯೇಬಿಟ್ಟಳು.

ನೀಲಗಂಗಮ್ಮ ಚಾಳೀಸು ಏರಿಸಿಕೊಂಡು ನೋಡಿದಳು. "ಭಾಳ ಚಲೋ ಬಂದೈತಿ. ಆದ್ರ ಅಳಿಯಾರ, ಹಾರ ಫ್ರಿಜ್ಜಿಗೆ ಹಾಕಬೇಕಾಗ್ತೈತಿ."