ಪೆಸೊ ಬಿದ್ದದ್ದು ನನ್ನ ಬೆನ್ನ ಮೇಲೆ

ಪತ್ರಿಕೆಯ ವಾಣಿಜ್ಯ ಪುಟವನ್ನು ನಾನು ಬಹಳ ವರ್ಷಗಳ ಕಾಲ ಹಾಸುವುದಕ್ಕೆ ಮಾತ್ರ ಬಳಸುತ್ತಿದ್ದೆ. ಇದನ್ನು ಹೇಳಿಕೊಳ್ಳಲು ಈಗ ನಾಚಿಕೆ, ಆಗ ಹೆಮ್ಮೆ. ಅಡುಗೆಮನೆಯ ಡಬ್ಬಿಗಳ ಕೆಳಗೆ, ಟ್ರಂಕಿನ ತಳಕ್ಕೆ, ಉಗುರು ಕತ್ತರಿಸಿಕೊಳ್ಳುವಾಗ ಕಾಲಡಿಗೆ, ಎಲ್ಲ ಕಡೆಗೂ ಅದೇ ಪುಟ. ಮೊದಲ ಪುಟ ಹಾಸಿದರೆ ದೊಡ್ಡವರ ಮುಖದ ಮೇಲೆ ಉಪ್ಪಿನಕಾಯಿ ಜಾಡಿ ಇಟ್ಟಂತಾಗುತ್ತದೆ, ಕ್ರೀಡಾಪುಟ ಹಾಸಿದರೆ ಮಗಳು ಜಗಳಕ್ಕೆ ಬರುತ್ತಾಳೆ. ವಾಣಿಜ್ಯ ಪುಟಕ್ಕೆ ಮಾತ್ರ ನಮ್ಮ ಮನೆಯಲ್ಲಿ ವಾರಸುದಾರರೇ ಇರಲಿಲ್ಲ. ಯಾವುದೋ ದೇಶದ ನಾಣ್ಯ ಕುಸಿಯಿತು, ಅದರಿಂದ ಇನ್ಯಾವುದೋ ಖಂಡದ ಷೇರುಪೇಟೆ ನಡುಗಿತು ಎಂದು ಅಲ್ಲಿ ಬರೆದಿರುತ್ತಿತ್ತು. ಬಿದ್ದವರು ಏಳುತ್ತಾರೆ, ನಡುಗಿದವರು ಕಂಬಳಿ ಹೊದೆಯುತ್ತಾರೆ, ಸೂರತ್ತಿನಲ್ಲಿ ಬಾಡಿಗೆ ಮನೆ ಮಾಡಿಕೊಂಡಿರುವ ನನಗೂ ಅದಕ್ಕೂ ಏನು ಸಂಬಂಧ ಎಂದುಕೊಂಡು ನಿಶ್ಚಿಂತೆಯಾಗಿ ಉಗುರು ಕತ್ತರಿಸಿಕೊಳ್ಳುತ್ತಿದ್ದೆ.

ನನ್ನ ಉದ್ಯೋಗದ ಬಗ್ಗೆ ಒಂದೆರಡು ಮಾತು ಹೇಳಬೇಕು. ದಾವಣಗೆರೆ ಕಡೆಯವನಾದ ನಾನು ಸೂರತ್ತಿನ ಪಾಂಡೇಸರಾ ಬಡಾವಣೆಯ ಒಂದು ಮಿಲ್ಲಿನಲ್ಲಿ ಬಟ್ಟೆಗೆ ಬಣ್ಣ ಹಾಕಿಸುವ ಮಾಸ್ತರ. ಗಿರಾಕಿ ಬೆರಳಗಲದ ಒಂದು ಚಿಂದಿ ಕಳಿಸುತ್ತಾನೆ. ಅದೇ ಬಣ್ಣ ಸಾವಿರಾರು ಮೀಟರ್ ಪಾಲಿಯೆಸ್ಟರಿನ ಮೇಲೆ ಬರುವಂತೆ ಮಾಡುವುದು ನನ್ನ ಕೆಲಸ. ನನ್ನ ಹೆಂಡತಿ ಪ್ರಮೀಳಾ ಮೈಸೂರಿನವಳು, ಹಾಡುತ್ತಾಳೆ. ಒಂಬತ್ತು ವರ್ಷದ ಮಗಳು ಶ್ರುತಿ ಸೂರತ್ತಿನಲ್ಲೇ ಹುಟ್ಟಿದವಳಾದ್ದರಿಂದ ಕನ್ನಡ, ಹಿಂದಿ, ಗುಜರಾತಿಗಳನ್ನು ಒಂದೇ ಬಾಣಲೆಗೆ ಹಾಕಿ ಒಗ್ಗರಣೆ ಕೊಟ್ಟು ಮಾತಾಡುತ್ತಾಳೆ. ಇಲ್ಲಿಗೆ ಬಂದ ಮೇಲೆ ನಾನು ಚೆನ್ನಾಗಿ ಕಲಿತದ್ದು ಮಾತ್ರ ಒಂದೇ ಮಾತು, "ಜಾನೇ ದೋ." ಹೋಗಲಿ ಬಿಡು ಎಂದು ಅರ್ಥ. ಬಚ್ಚಲಿನ ನಲ್ಲಿ ಸೋರಿದರೆ ಜಾನೇ ದೋ. ಸ್ಕೂಟರಿನ ಹಾರ್ನ್ ಕೆಟ್ಟರೆ ಜಾನೇ ದೋ. ಇಷ್ಟು ಚಿಕ್ಕದಾಗಿ ಇಷ್ಟೊಂದು ಸೋಮಾರಿತನವನ್ನು ಮುಚ್ಚುವ ಮಾತು ನನಗೆ ಕನ್ನಡದಲ್ಲಿ ಸಿಕ್ಕಿರಲಿಲ್ಲ.

ಆ ವರ್ಷ ಚಳಿಗಾಲದ ಹೊತ್ತಿಗೆ ನಮ್ಮ ಮಿಲ್ಲಿಗೆ ಅರ್ಜೆಂಟೀನಾದಿಂದ ದೊಡ್ಡ ಆರ್ಡರ್ ಬಂತು. ಬಣ್ಣ ನೇರಳೆಯೂ ಅಲ್ಲ, ಕಂದೂ ಅಲ್ಲ. ಎಣ್ಣೆಗಾಯಿಗೆಂದು ತಂದು ಮರೆತುಬಿಟ್ಟ ಬದನೆಕಾಯಿ ನಾಲ್ಕನೇ ದಿನ ತಾಳುತ್ತದಲ್ಲ, ಆ ಬಣ್ಣ. ಏಳು ಸಲ ಪ್ರಯೋಗ ಮಾಡಿ ಅದನ್ನು ಸಾಧಿಸಿದೆ. ಇಂಥ ಗಾಢ ಬಣ್ಣ ಹಾಕಿದ ಮೇಲೆ ಬಟ್ಟೆಗೆ ಕಾಸ್ಟಿಕ್, ಹೈಡ್ರೋಸ್ ಎಂಬ ರಾಸಾಯನಿಕಗಳನ್ನು ಬೆರೆಸಿದ ಬಿಸಿನೀರಿನಲ್ಲಿ ಕೊನೆಯದೊಂದು ಸ್ನಾನ ಮಾಡಿಸಬೇಕು. ಇಲ್ಲದಿದ್ದರೆ ಮೇಲೆ ಉಳಿದ ಬಣ್ಣ ಮುಟ್ಟಿದವರಿಗೆಲ್ಲ ಅಂಟುತ್ತದೆ. ಆದರೆ ಬೇಗ ಕಳಿಸಿ, ಬೇಗ ಕಳಿಸಿ ಎಂದು ಮುಂಬೈ ಏಜೆಂಟನ ಫ್ಯಾಕ್ಸುಗಳು ಬೆನ್ನುಬಿದ್ದಿದ್ದವು. ಮಷೀನ್ ನಡೆಸುವ ರಾಮ್‌ಸಜೀವನ್ ನನ್ನ ಮುಖ ನೋಡಿ, "ಸಾಬ್, ಆಖ್ರೀ ಧುಲಾಯಿ?" ಎಂದ. ಕೊನೆಯ ತೊಳೆತ ಬೇಡವೇ ಎಂದು ಅವನ ಪ್ರಶ್ನೆ. ನಾನು ಭೂಗೋಳವನ್ನು ಲೆಕ್ಕ ಹಾಕಿದೆ. ಬಟ್ಟೆ ಎರಡು ಸಾಗರ ದಾಟಿ ಹೋಗುತ್ತದೆ. ಅಲ್ಲಿ ಯಾರದೋ ಲಂಗದ ಬಣ್ಣ ಯಾರದೋ ಕುರ್ಚಿಗೆ ಅಂಟಿದರೆ ಅವರು ಪಾಂಡೇಸರಾಕ್ಕೆ ಬಂದು ನನ್ನ ಕಾಲರ್ ಹಿಡಿಯುತ್ತಾರೆಯೆ? "ಜಾನೇ ದೋ," ಎಂದೆ, "ಬಹುತ್ ದೂರ್ ಜಾ ರಹಾ ಹೈ." ಬಹಳ ದೂರ ಹೋಗುವ ಮಾಲು. ಪಾಸ್ ಆಯಿತು ಎಂದು ಸಹಿಯನ್ನೂ ಹಾಕಿದೆ.

ಮಾಲು ಗೇಟು ದಾಟುವ ಮುನ್ನವೇ ಇನ್ನೊಂದು ಫ್ಯಾಕ್ಸ್ ಬಂತು. ಅರ್ಜೆಂಟೀನಾದಲ್ಲಿ ಬ್ಯಾಂಕುಗಳಿಂದ ದುಡ್ಡು ತೆಗೆಯಲು ಜನರನ್ನು ಬಿಡುತ್ತಿಲ್ಲ, ಅಲ್ಲಿನ ಪೆಸೊ ಇವತ್ತೋ ನಾಳೆಯೋ ಬೀಳುತ್ತದೆ, ಗಿರಾಕಿಗೆ ಡಾಲರ್ ಕಳಿಸಲು ದಾರಿಯಿಲ್ಲ, ಆದ್ದರಿಂದ ಮಾಲು ಬೇಡ. ನಮ್ಮ ಸೇಠ್ ಅದನ್ನು ಎರಡು ಸಲ ಓದಿಸಿಕೊಂಡು ಕೇಳಿದರು. ಅವರಿಗೆ ಆ ದೇಶದ ಬಗ್ಗೆ ಗೊತ್ತಿದ್ದದ್ದು ಒಂದೇ ವಿಷಯ. "ಮಾಸ್ಟರ್‌ಜೀ, ಫುಟ್‌ಬಾಲ್ ಅಷ್ಟು ಚೆಂದ ಆಡುವವರು ಬ್ಯಾಂಕು ಯಾಕೆ ಹೀಗೆ ನಡೆಸುತ್ತಾರೆ?" ಎಂದು ನನ್ನನ್ನು ಕೇಳಿದರು. ನನಗೇನು ಗೊತ್ತು! ಆ ವಾರವೇ ಬ್ರೆಜಿಲ್ಲಿನ ಗಿರಾಕಿಯೂ ಸ್ವಲ್ಪ ತಡೆಯಿರಿ ಎಂದು ಬರೆದ. ಅವನ ದೇಶದಲ್ಲಿ ಬ್ಯಾಂಕುಗಳೆಲ್ಲ ತೆರೆದೇ ಇದ್ದವು, ಆದರೂ ತಡೆಯಬೇಕಂತೆ. ಇದು ನಮಗೆ ಯಾರಿಗೂ ಅರ್ಥವಾಗಲಿಲ್ಲ.

ಅರ್ಥ ಮಾಡಿಸಿದವನು ನನ್ನ ಭಾವಮೈದ ಶ್ರೀಧರ. ಅವನು ವಡೋದರಾದ ಒಂದು ಬ್ಯಾಂಕಿನ ವಿದೇಶಿ ವಿನಿಮಯ ವಿಭಾಗದಲ್ಲಿದ್ದಾನೆ. ಭಾನುವಾರಕ್ಕೆಂದು ರೈಲು ಹತ್ತಿ ಬಂದವನು, ಅಕ್ಕ ಬಡಿಸಿದ ಬಿಸಿಬೇಳೆಬಾತಿನ ಎರಡನೇ ಸುತ್ತಿನಲ್ಲಿ ಪಾಠ ಶುರುಮಾಡಿದ. "ಭಾವ, ಒಂದು ಬೀದೀಲಿ ಸಾಲಾಗಿ ಆರು ಹೋಟ್ಲು ಇವೆ ಅಂತಿಟ್ಕೊಳ್ಳಿ. ಒಂದರ ಸಾಂಬಾರಲ್ಲಿ ಇಲಿ ಸಿಕ್ತು. ಮಿಕ್ಕ ಐದರಲ್ಲೂ ಊಟಕ್ಕೆ ಕೂತಿರೋರು ಏನ್ಮಾಡ್ತಾರೆ?"

"ತಮ್ಮ ಸಾಂಬಾರು ನೋಡ್ಕೋತಾರೆ," ಎಂದೆ.

"ನೋಡಲ್ಲ ಭಾವ, ಎದ್ದು ಹೋಗ್ತಾರೆ. ಅಷ್ಟೇ ವಿಷಯ. ಹೊರಗಿನಿಂದ ಬಂದು ದುಡ್ಡು ಹಾಕಿರೋರಿಗೆ ಸಾಂಬಾರು ಕೆದಕಿ ನೋಡೋಷ್ಟು ಪುರುಸೊತ್ತು ಇರಲ್ಲ. ಒಂದು ದೇಶದ ನಾಣ್ಯ ಅಲ್ಲಾಡಿದ್ರೆ ಅಕ್ಕಪಕ್ಕದ ದೇಶದಿಂದಲೂ ಕಿತ್ಕೊಂಡು ಹೋಗ್ತಾರೆ. ಆಗ ಅವೂ ನಿಜವಾಗಿ ಅಲ್ಲಾಡ್ತವೆ. ಕೊನೆಗೆ ಎಲ್ಲಿಯ ಇಲಿಯೋ, ನಿಮ್ಮ ಪಾಂಡೇಸರಾಗೂ ಬರುತ್ತೆ." ಹಿಂದೊಮ್ಮೆ ಪೂರ್ವದೇಶಗಳ ನಾಣ್ಯ ಬಿದ್ದಾಗ ಅಲ್ಲಿನ ಅಗ್ಗದ ಬಟ್ಟೆ ಬಂದು ಸೂರತ್ತಿನ ಮಗ್ಗಗಳು ನಿಂತದ್ದು ನನಗೆ ನೆನಪಾಯಿತು. ಆಗ ಸೇಠ್ ಕ್ಯಾಂಟೀನಿನಲ್ಲಿ ಪೂರ್ತಿ ಚಹಾ ನಿಲ್ಲಿಸಿ ಕಟಿಂಗ್ ಚಹಾ ಮಾಡಿಸಿದ್ದರು. ಆ ಅರ್ಧ ಲೋಟಕ್ಕೆ ಕಾರಣ ಬ್ಯಾಂಕಾಕಿನಲ್ಲಿತ್ತು ಎಂದು ತಿಳಿಯಲು ನನಗೆ ಇಷ್ಟು ವರ್ಷ ಮತ್ತು ಇಷ್ಟು ಬಿಸಿಬೇಳೆಬಾತು ಬೇಕಾಯಿತು.

ಬೇಡವಾದ ಬದನೆ ಬಣ್ಣದ ಬಟ್ಟೆ ಗೋದಾಮಿನಲ್ಲಿ ಜಾಗ ಹಿಡಿದು ಕೂತಿತ್ತು. ಅದನ್ನು ಇಲ್ಲಿಯ ಮಾರುಕಟ್ಟೆಯಲ್ಲಿ ಕೊಳ್ಳುವವರಿರಲಿಲ್ಲ. ಸೇಠ್ ಉದಾರ ಮನುಷ್ಯರು. ಆಫೀಸಿನ ನಮ್ಮ ಆರೇಳು ಜನಕ್ಕೆ ಮನೆಗೊಂದು ತಾಕಾ ಒಯ್ಯಿರಿ ಎಂದರು. ತಾಕಾ ಎಂದರೆ ಸೂರತ್ತಿನಲ್ಲಿ ನೂರು ಮೀಟರಿನಷ್ಟು ಬಟ್ಟೆಯ ಕಟ್ಟು. ಸ್ಕೂಟರಿನ ಮುಂದೆ ಅದನ್ನು ನಿಲ್ಲಿಸಿಕೊಂಡು ಮನೆಗೆ ಬಂದೆ. ಧರ್ಮಕ್ಕೆ ಬಂದ ಬಟ್ಟೆಯೆಂದರೆ ಪ್ರಮೀಳಾ ಸುಮ್ಮನಿರುತ್ತಾಳೆಯೆ? ಎರಡೇ ದಿನದಲ್ಲಿ ಸೋಫಾಕ್ಕೆ ಹೊಸ ಕವರು ಬಂತು. ನಾನು ಅಂದು ಸಂಜೆ ಬನಿಯನ್ನಿನಲ್ಲಿ ಅದರ ಮೇಲೆ ಒರಗಿ ಕೂತು, ಮಗಳಿಗೆ ಅರ್ಜೆಂಟೀನಾ ಎಲ್ಲಿದೆ ಎಂದು ಭೂಪಟದಲ್ಲಿ ತೋರಿಸಿದೆ. ಸೂರತ್ತಿನ ಚಳಿಗಾಲದಲ್ಲೂ ಸೆಕೆ ಇತ್ತು, ಬೆವರಿದ್ದೆ. ನೀರು ಕುಡಿಯಲು ಎದ್ದಾಗ ಶ್ರುತಿ ಕಿರುಚಿದಳು. "ಪಪ್ಪಾ, ನಿಮ್ಮ ಪೀಠ ಪೂರಾ ಬೈಂಗನ್ ಆಗಿದೆ!" ಅವಳ ಕನ್ನಡದಲ್ಲಿ ಬೆನ್ನಿಗೆ ಪೀಠ, ಬದನೆಕಾಯಿಗೆ ಬೈಂಗನ್ ಎನ್ನುತ್ತಾರೆ.

ಕನ್ನಡಿಯಲ್ಲಿ ನೋಡಿಕೊಂಡೆ. ಬಿಳಿ ಬನಿಯನ್ನಿನ ಬೆನ್ನಿನಲ್ಲಿ ಭುಜದಿಂದ ಸೊಂಟದವರೆಗೆ, ನಾನೇ ಏಳು ಸಲ ಪ್ರಯೋಗ ಮಾಡಿ ಸಾಧಿಸಿದ ಬಣ್ಣ, ಒಂದಿಷ್ಟೂ ಹೆಚ್ಚುಕಡಿಮೆಯಿಲ್ಲದೆ ಮೂಡಿತ್ತು. ಪ್ರಮೀಳಾ ಹಾಡಿನ ಅಭ್ಯಾಸಕ್ಕೆ ಹೋಗಿದ್ದಳು. ಮಗಳಿಗೆ ಉತ್ತರಾಯಣಕ್ಕೆ, ಎಂದರೆ ಇಲ್ಲಿಯವರು ಪಟ ಹಾರಿಸುವ ಸಂಕ್ರಾಂತಿಗೆ, ಹನ್ನೆರಡು ಗಾಳಿಪಟ ಮತ್ತು ಒಂದು ಫಿರ್ಕಿ ತುಂಬ ಸುತ್ತಿದ ದಾರ ಕೊಡಿಸುವುದಾಗಿ ಮಾತು ಕೊಟ್ಟು ಬಾಯಿ ಮುಚ್ಚಿಸಿದೆ. ಬಚ್ಚಲಿಗೆ ಹೋಗಿ ಬನಿಯನ್ನನ್ನು ನಾನೇ ಉಜ್ಜಿ ಉಜ್ಜಿ ತೊಳೆದು, ಬಾಲ್ಕನಿಯ ಮೂಲೆಯಲ್ಲಿ ಒಣಹಾಕಿದೆ. ಸೋಫಾದ ತುದಿಯಲ್ಲಿ, ಬೆನ್ನು ತಾಗಿಸದೆ, ಹೆಣ್ಣು ನೋಡಲು ಬಂದ ಗಂಡಿನ ಹಾಗೆ ಕೂರುವ ಅಭ್ಯಾಸ ಅಂದಿನಿಂದ ಶುರುವಾಯಿತು.

ಅದಾಗಿ ಮೂರು ದಿನಕ್ಕೆ ಪ್ರಮೀಳಾ ಕಾಫಿ ಕೊಡುತ್ತಾ ಹೇಳಿದಳು. "ರೀ, ಸಂಕ್ರಾಂತಿ ಕಾರ್ಯಕ್ರಮಕ್ಕೆ ನಮ್ಮ ಕನ್ನಡ ಸಂಘದಲ್ಲಿ ಹನ್ನೆರಡು ಜನ ಸೇರಿ ಹಾಡ್ತಿದ್ದೀವಲ್ಲ, ಎಲ್ಲರಿಗೂ ಒಂದೇ ಥರ ಸೀರೆ ಬೇಕಿತ್ತು. ನಮ್ಮನೇಲಿ ತಾಕಾ ಇದೆ, ನಾನೇ ಕೊಡ್ತೀನಿ ಅಂತ ಒಪ್ಕೊಂಡ್ಬಿಟ್ಟೆ. ಶಕುಂತಲಮ್ಮನೋರಿಗಂತೂ ಭಾಳ ಖುಷಿ. ಎಲ್ಲರೂ ಅದಕ್ಕೆ ಹಾಲುಬಿಳುಪಿನ ರವಿಕೆ ಹೊಲಿಸ್ತಿದ್ದಾರೆ."

ಕಾಫಿ ನೆತ್ತಿಗೇರಿತು. "ಬಿಳೀದೇ ಯಾಕೆ? ಕಪ್ಪು ರವಿಕೆ ಚೆನ್ನಾಗಿರುತ್ತೆ."

"ಸಂಕ್ರಾಂತಿಗೆ ಕಪ್ಪಾ? ಏನಾಗಿದೆ ನಿಮಗೆ?"

ಹನ್ನೆರಡು ಹೆಂಗಸರು, ಹನ್ನೆರಡು ಬಿಳಿ ರವಿಕೆ, ವೇದಿಕೆಯ ಮೇಲಿನ ಬಿಸಿ ದೀಪಗಳು. ಮಂಗಳಾರತಿಯ ಹೊತ್ತಿಗೆ ಅವರೆಲ್ಲ ಯಾವ ಬಣ್ಣಕ್ಕೆ ತಿರುಗಿರುತ್ತಾರೆ ಎಂಬುದು ಆ ಊರಿನಲ್ಲಿ ನನ್ನೊಬ್ಬನಿಗೇ ಗೊತ್ತಿತ್ತು. ಶಕುಂತಲಮ್ಮನವರು ಎಪ್ಪತ್ತರ ಹಿರಿಯರು, ಅವರ ಕೂದಲೂ ಹಾಲುಬಿಳುಪು. ಸೆರಗು ತಲೆಗೆ ಹೊದ್ದರೆ? ಪ್ರಮೀಳಾ ಮತ್ತೆ ಆ ಸಂಘದಲ್ಲಿ ತಲೆ ಎತ್ತಿ ಹಾಡುವುದುಂಟೆ? ನಿಜ ಹೇಳಿಬಿಡೋಣವೆಂದು ಮೂರು ದಿನ ಬಾಯಿ ತೆರೆದೆ, ಮೂರು ದಿನವೂ ಆಕಳಿಸಿ ಮುಚ್ಚಿದೆ. ಕೆಲಸದಲ್ಲಿ ನಾನು ಬಹಳ ಗಟ್ಟಿ ಎಂದು ಅವಳು ನಂಬಿದ್ದಳು. ಮನೆಯ ವಿಷಯದಲ್ಲಿ ಆ ನಂಬಿಕೆ ಎಂದೋ ಹೋಗಿತ್ತಾದ್ದರಿಂದ, ಉಳಿದ ಇದೊಂದನ್ನು ಕಳೆದುಕೊಳ್ಳಲು ನನಗೆ ನಿಜವಾಗಿಯೂ ಭಯವಾಯಿತು.

ಕೊನೆಗೆ ಉಪಾಯ ಹೊಳೆಯಿತು. "ಸೀರೆಗಳಿಗೆ ಮಿಲ್ಲಿನಲ್ಲಿ ಒಂದು ಪಾಲಿಶ್ ಕೊಡಿಸ್ತೀನಿ, ವೇದಿಕೆ ಮೇಲೆ ಮಿಂಚುತ್ತೆ," ಎಂದೆ. ಅವಳು ಕಣ್ಣರಳಿಸಿ, "ನಿಮಗೆಷ್ಟು ಕಾಳಜಿ ರೀ!" ಎಂದಳು. ಹನ್ನೆರಡು ಸೀರೆಗಳನ್ನು ಗಂಟು ಕಟ್ಟಿಕೊಂಡು ಮಿಲ್ಲಿಗೆ ಹೋದೆ. ನಮ್ಮ ಮಷೀನಿಗೆ ಬಟ್ಟೆ ಒಂದೇ ಹಗ್ಗದ ಹಾಗೆ ಸುತ್ತುತ್ತಿರಬೇಕಾದ್ದರಿಂದ ಹನ್ನೆರಡು ಸೀರೆಗಳನ್ನೂ ತುದಿಗೆ ತುದಿ ಹೊಲಿಸಿದೆ. ಶಕುಂತಲಮ್ಮನವರ ಸೆರಗಿಗೆ ನನ್ನ ಹೆಂಡತಿಯ ಒಳಸೆರಗು, ಅದರ ಸೆರಗಿಗೆ ಇನ್ನೊಬ್ಬರದು, ಇಡೀ ಕನ್ನಡ ಸಂಘ ಒಂದೇ ಎಳೆಯಾಗಿ ನಿಂತಿತು. ಕನ್ನಡಿಗರ ಇಂಥ ಒಗ್ಗಟ್ಟನ್ನು ನಾನು ಹಿಂದೆ ಕಂಡಿರಲಿಲ್ಲ. ರಾಮ್‌ಸಜೀವನ್ ಬಟ್ಟೆಯನ್ನು ಬೆರಳಿಂದ ಉಜ್ಜಿ, ಬೆರಳು ನೋಡಿ, ನನ್ನನ್ನು ನೋಡಿದ. "ಯೇ ತೋ ಬಹುತ್ ದೂರ್ ಜಾ ರಹಾ ಥಾ, ಸಾಬ್?" ಬಹಳ ದೂರ ಹೋಗುತ್ತಿತ್ತಲ್ಲ ಸ್ವಾಮಿ ಎಂದು ಅವನು ನಗದೆ ಕೇಳಿದ್ದು ನನಗೆ ಇನ್ನೂ ಕಷ್ಟವಾಯಿತು. ಮೂರು ಸಲ ನೀರು ಬದಲಾಯಿಸಿ ತೊಳೆಸಿದೆ. ಬಿಳಿ ಕರವಸ್ತ್ರದಿಂದ ಒಂದೊಂದು ಸೀರೆಯನ್ನೂ ಉಜ್ಜಿ ನೋಡಿದೆ. ಕರವಸ್ತ್ರ ಬೆಳ್ಳಗೇ ಉಳಿಯಿತು. ಮೇಲಿನ ಕೊಳೆಬಣ್ಣವೆಲ್ಲ ಹೋಗಿ ಬದನೆಕಾಯಿ ಆಗತಾನೆ ಕಿತ್ತಷ್ಟು ಎಳೆಯದಾಗಿ ಕಾಣುತ್ತಿತ್ತು.

ಸಂಕ್ರಾಂತಿಯ ಮುಂದಿನ ಭಾನುವಾರ ಕಾರ್ಯಕ್ರಮ. ದೀಪಗಳ ಕೆಳಗೆ ಹನ್ನೆರಡು ಜನ ಹಾಡಿ, ಬೆವರಿ, ಎಳ್ಳುಬೆಲ್ಲ ಹಂಚಿ, ಒಬ್ಬರನ್ನೊಬ್ಬರು ತಬ್ಬಿಕೊಂಡರು. ರವಿಕೆಗಳು ಹಾಲುಬಿಳುಪಾಗಿಯೇ ಇದ್ದವು. ವಂದನಾರ್ಪಣೆಯಲ್ಲಿ ಶಕುಂತಲಮ್ಮನವರು ಸೀರೆ ಕೊಟ್ಟ ದಂಪತಿಗಳಿಗೆ ಚಪ್ಪಾಳೆ ತಟ್ಟಿಸಿದರು. ನಾನು ಎದ್ದು ನಿಂತು ಕೈಮುಗಿದೆ. ಅರ್ಜೆಂಟೀನಾಕ್ಕೂ ಒಂದು ಚಪ್ಪಾಳೆ ಸಲ್ಲಬೇಕಿತ್ತು, ಯಾರಿಗೂ ಹೊಳೆಯಲಿಲ್ಲ.

ಸ್ಕೂಟರಿನಲ್ಲಿ ಮನೆಗೆ ಬರುವಾಗ ಹಿಂದೆ ಕೂತ ಪ್ರಮೀಳಾ ಸಮಾಧಾನದಿಂದ ಕೇಳಿದಳು. "ಎಷ್ಟು ನೀರಿಗೆ ಬಿಡ್ತು ರೀ, ಬಣ್ಣ?"

ನಾನು ಬ್ರೇಕ್ ಹಾಕಿದೆ. "ಯಾವ ಬಣ್ಣ?"

"ಮದುವೆಯಾದಾಗಿನಿಂದ ಒಂದು ಕರ್ಚೀಫು ತೊಳೆಯದ ಮನುಷ್ಯ ಬನಿಯನ್ ತೊಳೆದು ಒಣಹಾಕಿದ್ರೆ, ಹೆಂಡ್ತಿ ಆದವಳು ಸುಮ್ನೆ ಇರ್ತಾಳಾ? ಶ್ರುತೀನ ಕೇಳ್ದೆ. ನೀವು ಹನ್ನೆರಡು ಪಟ ಅಂದಿದ್ರಿ, ನಾನು ಹದಿನೈದು ಅಂದೆ, ಎಲ್ಲ ಹೇಳಿದ್ಲು."

"ಗೊತ್ತಿದ್ದೂ ಆ ಬಟ್ಟೇನ ಹನ್ನೆರಡು ಜನಕ್ಕೆ ಕೊಡ್ತೀನಿ ಅಂದ್ಯಾ!"

"ಗೊತ್ತಾದ ಮೇಲೇ ಅಂದಿದ್ದು. ನಮ್ಮನೆ ಸೋಫಾ ಒಂದೇ ಆಗಿದ್ರೆ ನೀವು ಜಾನೇ ದೋ ಅಂತ ಬಿಟ್ಬಿಡೋರು. ಸಂಘದೋರ ರವಿಕೆ ಅಂದ್ರೆ ತೊಳೆಸೇ ತೊಳೆಸ್ತೀರಿ ಅಂತ ನಂಗೆ ಗೊತ್ತಿತ್ತು." ಸ್ವಲ್ಪ ದೂರ ಹೋದ ಮೇಲೆ ನನ್ನ ಭುಜದ ಮೇಲೆ ಕೈಯಿಟ್ಟು, "ಚೆನ್ನಾಗೇ ತೊಳೆಸಿದ್ರಿ, ಪರವಾಗಿಲ್ಲ," ಎಂದಳು. ನನಗೆ ಅವಮಾನವೂ ಆಯಿತು, ಹೇಳಲಾರದಷ್ಟು ಹಗುರವೂ ಆಯಿತು.

ಸೋಫಾದ ಕವರನ್ನು ಮಾತ್ರ ಅವಳು ತೊಳೆಸಲು ಕೊಡಲಿಲ್ಲ. ನೆನಪಿಗೆ ಹಾಗೇ ಇರಲಿ ಎಂದಳು. ಹಾಗಾಗಿ ಈಗಲೂ ನಾನು ಬೆಳಿಗ್ಗೆ ಕಾಫಿ ಹಿಡಿದು ಸೋಫಾದಲ್ಲಿ ಒರಗುವ ಮುನ್ನ ಬೆನ್ನಿನ ಹಿಂದೆ ಪತ್ರಿಕೆಯ ವಾಣಿಜ್ಯ ಪುಟವನ್ನು ಹಾಸಿಕೊಳ್ಳುತ್ತೇನೆ. ಆದರೆ ಹಾಸುವ ಮೊದಲು ನಿಂತುಕೊಂಡೇ ಅದನ್ನು ಮೊದಲಿನಿಂದ ಕೊನೆಯವರೆಗೆ ಓದುತ್ತೇನೆ. ಎಲ್ಲೋ ದೂರದ ದೇಶದಲ್ಲಿ ನಾಣ್ಯ ಅಲ್ಲಾಡುತ್ತಿದೆ ಎಂದು ಕಂಡರೆ ಕಾಫಿ ಅರ್ಧಕ್ಕೇ ಬಿಟ್ಟು ಮಿಲ್ಲಿಗೆ ಓಡುತ್ತೇನೆ, ಅಲ್ಲಿಗೆ ಹೊರಟ ಮಾಲಿಗೆ ಕೊನೆಯ ಸ್ನಾನ ಆಗಿದೆಯೇ ಎಂದು ಉಜ್ಜಿ ನೋಡಲು.