ಹನ್ನೆರಡು ಕ್ವಿಂಟಾಲಿನ ಕಾರು

ನಮ್ಮ ಸೋದರಮಾವನಿಗೆ ರೂಪಾಯಿಯ ಮೇಲೆ ನಂಬಿಕೆಯಿಲ್ಲ ಎಂದರೆ ನೀವು ಅವರನ್ನು ಸನ್ಯಾಸಿ ಎಂದುಕೊಂಡೀರಿ. ಹಾಗೇನೂ ಇಲ್ಲ. ಅವರ ನಂಬಿಕೆಯೆಲ್ಲ ಕೊಬ್ಬರಿಯ ಮೇಲೆ. ತಿಪಟೂರಿನಲ್ಲಿ ಹರಾಜಾಗುವ ಉಂಡೆ ಕೊಬ್ಬರಿಯೇ ಅವರ ಪಾಲಿಗೆ ಅಸಲಿ ನಾಣ್ಯ. ಮಿಕ್ಕಿದ್ದೆಲ್ಲ ಬರೀ ಕಾಗದ. ಮಗಳ ಮದುವೆ ಎಷ್ಟರಲ್ಲಿ ಮುಗಿಯಿತು ಎಂದು ಕೇಳಿದರೆ 'ಮೂವತ್ತು ಕ್ವಿಂಟಾಲ್' ಎನ್ನುತ್ತಾರೆ. ಹಲ್ಲು ಕೀಳಿಸಿಕೊಂಡು ಬಂದ ದಿನ ದವಡೆ ಹಿಡಿದುಕೊಂಡೇ 'ಮೂರು ಕೆಜಿ ಹೋಯ್ತು ಕಣ್ಲಾ' ಎಂದು ನನ್ನ ಹತ್ತಿರ ಸಂಕಟ ತೋಡಿಕೊಂಡಿದ್ದರು. ಇಂಥವರ ಕೈಗೆ ಪರದೇಶದ ರೇಸಿನ ಕಾರೊಂದು ಸಿಕ್ಕಿದರೆ ಏನಾಗುತ್ತದೆ? ನಿಮಗೆ ಗೊತ್ತಿಲ್ಲ, ಪುಣ್ಯವಂತರು. ನನಗೆ ಗೊತ್ತು. ಆ ಕಾರನ್ನು ಮಾರಿಸಲು ಹನ್ನೊಂದು ವರ್ಷ ಹೆಣಗಿದವನು ನಾನು.

ತೊಂಬತ್ತರ ದಶಕದ ನಡುವಿನ ಮಾತು. ಅರಳಗುಪ್ಪೆ ಕಡೆಯ ಅವರ ತೋಟ ಉಳಲು ಒಂದು ಟಿಲ್ಲರ್ ಬೇಕಿತ್ತು. ಅತ್ತೆಗೆ ತವರಿನವರು ಅರಿಶಿನ-ಕುಂಕುಮಕ್ಕೆಂದು ನೂರು ತೆಂಗಿನ ಮರ ಬರೆದುಕೊಟ್ಟಿದ್ದರು. ಆ ಮರಗಳ ಒಂದು ವರ್ಷದ ಫಸಲು, ಹನ್ನೆರಡು ಕ್ವಿಂಟಾಲ್ ಕೊಬ್ಬರಿ, ಒಣಗಿ ಅಟ್ಟದಲ್ಲಿತ್ತು. ಟಿಲ್ಲರಿಗೆಂದು ಅತ್ತೆಯನ್ನು ಒಪ್ಪಿಸಿ ಮಾವ ಅದನ್ನು ಮಾರಿದರು, ದುಡ್ಡನ್ನು ಸೊಂಟಕ್ಕೆ ಕಟ್ಟಿಕೊಂಡು ಬೆಂಗಳೂರಿಗೆ ಹೋದರು. ಮೂರನೆಯ ದಿನ ವಾಪಸು ಬಂದಾಗ ಟಿಲ್ಲರ್ ಇರಲಿಲ್ಲ. ಒಂದು ಕೆಂಪು ಕಾರಿತ್ತು. ಇಂಗ್ಲೆಂಡಿನಲ್ಲಿ ಹುಟ್ಟಿದ್ದು, ಎರಡೇ ಸೀಟು, ಮೇಲೆ ಬಟ್ಟೆಯ ಹೊದಿಕೆ, ನೆಲಕ್ಕೂ ಅದಕ್ಕೂ ನಡುವೆ ಒಂದು ಗೇಣು ಜಾಗ. ಟಿಲ್ಲರ್ ಅಂಗಡಿಯ ಪಕ್ಕದ ಶೆಡ್ಡಿನಲ್ಲಿ ನಿಂತಿತ್ತಂತೆ, ಇವರನ್ನೇ ನೋಡುತ್ತಿತ್ತಂತೆ.

ಅತ್ತೆ ಹೊರಗೆ ಬಂದು ಅದನ್ನು ಒಂದು ಸುತ್ತು ಹಾಕಿದರು.

'ಇದಕ್ಕೆ ನೇಗಿಲು ಎಲ್ಲಿ ಕಟ್ತಾರೆ?' ಎಂದರು.

ಮಾವ ಬಗ್ಗಿ ಕಾರಿನ ಧೂಳು ಒರೆಸತೊಡಗಿದರು. 'ನನ್ನ ಕೊಬ್ಬರಿ' ಎಂದಷ್ಟೇ ಹೇಳಿ ಅತ್ತೆ ಒಳಗೆ ಹೋದರು. ಅಂದಿನಿಂದ ಆ ಮನೆಯಲ್ಲಿ ಬೆಳಗಿನ ಕಾಫಿಗೂ ಮಧ್ಯಾಹ್ನದ ಮುದ್ದೆಗೂ ನಂಚಿಕೊಳ್ಳಲು ಅವೇ ಎರಡು ಪದಗಳು.

ಎರಡು ದಿನ ಕಳೆಯುವಷ್ಟರಲ್ಲಿ ಮಾವನಿಗೆ ಜ್ಞಾನೋದಯವಾಗಿತ್ತು. 'ತಪ್ಪು ಮಾಡ್ಬುಟ್ಟೆ ಕಣ್ಲಾ. ಇದನ್ನ ಮಾರಿ ಅವಳ ಹನ್ನೆರಡು ಕ್ವಿಂಟಾಲ್ ಅವಳಿಗೆ ವಾಪಸ್ ಕೊಡ್ಬೇಕು. ಒಂದು ಕೆಜಿ ಕಮ್ಮಿ ಆಗಂಗಿಲ್ಲ' ಎಂದು ನನಗೆ ಹೇಳಿ ಕಳಿಸಿದರು. ನನಗೇ ಏಕೆ? ನಾನು ತುರುವೇಕೆರೆಯ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದೆ. ನನಗೆ ಇಂಗ್ಲಿಷ್ ಬರುತ್ತದೆ ಎಂಬ ಅಪವಾದ ನೆಂಟರಲ್ಲಿ ಹಬ್ಬಿತ್ತು. ಇಂಗ್ಲಿಷ್ ಕಾರು, ಇಂಗ್ಲಿಷ್ ಪೇಪರು, ಇಂಗ್ಲಿಷ್ ಗಿರಾಕಿ. ತಪ್ಪಿಸಿಕೊಳ್ಳುವುದಾದರೂ ಹೇಗೆ?

ಜಾಹೀರಾತು ಬರೆದೆ. ಕಾರಿನ ಬಣ್ಣ, ವಯಸ್ಸು, ಗುಣಗಾನ ಎಲ್ಲ ಮುಗಿದು ಬೆಲೆಗೆ ಬಂದಾಗ ಮಾವ 'ಹನ್ನೆರಡು ಕ್ವಿಂಟಾಲ್ ಅಂತ ಹಾಕು' ಎಂದರು. ಬೆಂಗಳೂರಿನವರಿಗೆ ಅರ್ಥವಾಗುವುದಿಲ್ಲ ಎಂದೆ. 'ಅನ್ನ ತಿನ್ನಲ್ವೇನ್ಲಾ ಅವರು, ಕೊಬ್ಬರಿ ಗೊತ್ತಿರಲ್ವಾ?' ಎಂದು ಗದರಿದರು. ಹಾಗೇ ಹಾಕಿದೆ. ಪೇಪರಿನವರು ನಮ್ಮ ಕಚೇರಿಗೆ ಫೋನು ಮಾಡಿ, ಇದು ಕಾರಿನ ತೂಕವೋ ಬೆಲೆಯೋ ಎಂದು ವಿಚಾರಿಸಿದರು. ನನ್ನ ಸಾಹೇಬರು ಆ ಫೋನು ಎತ್ತಿದ್ದರು ಎಂಬುದನ್ನು ಇಲ್ಲಿ ವಿಸ್ತರಿಸುವುದಿಲ್ಲ.

ಮೊದಲ ಗಿರಾಕಿ ಬಂದರು. ಒಳ್ಳೆಯ ಮನುಷ್ಯ. ಕಾರಿನ ಕೆಳಗೆಲ್ಲ ತೂರಿ ನೋಡಿ, ಮಜ್ಜಿಗೆ ಕುಡಿದು, ಅಂದಿನ ಹನ್ನೆರಡು ಕ್ವಿಂಟಾಲಿನ ಬೆಲೆಗೆ ಒಪ್ಪಿದರು. ದುಡ್ಡು ತರಲು ಹೋಗಿ ವಾರದ ಮೇಲೆ ಬಂದರೆ, ನಡುವೆ ತಿಪಟೂರಿನಲ್ಲಿ ಒಂದು ಹರಾಜು ಮುಗಿದು ಕೊಬ್ಬರಿ ಮೇಲೇರಿತ್ತು. ಕಾರೂ ಏರಿತು. 'ನಿಂತಲ್ಲೇ ನಿಂತಿರುವ ಕಾರಿಗೆ ವಾರದಲ್ಲಿ ಏನಾಯಿತು ಸ್ವಾಮಿ?' ಎಂದು ಅವರು ಕೇಳಿದರು. 'ಕಾರಿಗೇನೂ ಆಗಿಲ್ಲ ಕಣ್ರೀ, ಮಾರ್ಕೆಟ್ ಚೆನ್ನಾಗದೆ' ಎಂದರು ಮಾವ. ಅವರು ಬಸ್ಸು ಹತ್ತುವವರೆಗೂ ನಾನು ಕ್ಷಮೆ ಕೇಳುತ್ತಲೇ ಇದ್ದೆ.

ಎರಡನೆಯವರ ಕಥೆ ಇದಕ್ಕಿಂತ ದುಃಖಕರ. ಅವರು ಬಂದು ಹೋದ ಮೇಲೆ ಕೊಬ್ಬರಿ ದಬಕ್ಕನೆ ಬಿದ್ದಿತು. ದುಡ್ಡು ಹಿಡಿದು ಬಂದವರಿಗೆ ಮಾವ ತಾವಾಗಿಯೇ 'ಅಷ್ಟು ಬ್ಯಾಡ, ಅರ್ಧ ಕೊಡಿ ಸಾಕು' ಎಂದರು. ಬೆಲೆಯನ್ನು ಏರಿಸುವವರನ್ನು ಬೆಂಗಳೂರಿನವರು ಕಂಡಿದ್ದಾರೆ. ಕೇಳದೆಯೇ ಇಳಿಸುವವರನ್ನು ಕಂಡಿಲ್ಲ. ಇದು ಕಳ್ಳ ಮಾಲೇ ಇರಬೇಕೆಂದು ತೀರ್ಮಾನಿಸಿ, ಮೂತ್ರಕ್ಕೆ ಹೋಗಿ ಬರುತ್ತೇನೆಂದು ತೋಟದ ಕಡೆ ನಡೆದವರು ಅತ್ತಲಿಂದ ಅತ್ತಲೇ ಹೋದರು.

ಅಷ್ಟರಲ್ಲಿ ಕಾರಿಗೂ ವಯಸ್ಸಾಗುತ್ತಿತ್ತು. ತೆಂಗಿನ ತೋಟದಲ್ಲಿ ಬಟ್ಟೆಯ ಹೊದಿಕೆಯ ಕಾರು ಎಷ್ಟು ದಿನ ಬಾಳೀತು? ಒಂದು ಗರಿ ಬಿದ್ದು ಹೊದಿಕೆ ಹರಿಯಿತು. ಮಾವ ಗೋಣಿತಾಟು ಇಟ್ಟು ಹೊಲಿದರು. ಒಂದು ಕಾಯಿ ಬಿದ್ದು ಮೂತಿ ತಗ್ಗಾಯಿತು. ಎಂಜಿನ್ನು ಕೆಮ್ಮತೊಡಗಿದಾಗ ಹುಳಿಯಾರಿನ ಒಬ್ಬ ಮೆಕ್ಯಾನಿಕ್ಕನ್ನು ಕರೆಸಿದೆವು.

'ಇಂಥವು ನಮ್ಮ ಕಡೆ ಎಷ್ಟಿದಾವೆ ಸಾರ್?' ಎಂದು ಅವನು ಕೇಳಿದ.

'ಇದೊಂದೇ ಕಣಪ್ಪ' ಎಂದರು ಮಾವ ಮೀಸೆ ತಿರುವುತ್ತ.

'ಹಂಗಾರೆ ಇದರ ಸಾಮಾನೂ ಇದರೊಳಗೇ ಇರೋದು ಬುಡಿ' ಎಂದು ಸ್ಪ್ಯಾನರು ಒರೆಸಿಕೊಂಡು ಹೊರಟ.

ಎಂಜಿನ್ನು ನಿಂತಿತು. ಕಾರು ಕೊಟ್ಟಿಗೆ ಸೇರಿತು. ನನ್ನ ತಲೆಗೂದಲು ನೆರೆಯಿತು. ಪ್ರತಿ ಹರಾಜಿನ ದಿನ ನನಗೆ ಫೋನು ಬರುವುದು ಮಾತ್ರ ನಿಲ್ಲಲಿಲ್ಲ: 'ರೇಟು ನೋಡ್ದಾ? ಕಾರು ಇವತ್ತು ಎಷ್ಟಾಯ್ತು ಲೆಕ್ಕ ಹಾಕು.' ನಾನು ಫೈಲು ಬದಿಗಿಟ್ಟು ಗುಣಿಸುತ್ತಿದ್ದೆ. ಓಡದ, ಯಾರೂ ಕೇಳದ ಕಾರೊಂದರ ಬೆಲೆಯನ್ನು ಅಷ್ಟು ನಿಷ್ಠೆಯಿಂದ ಗುಣಿಸಿದವನು ಇನ್ನೊಬ್ಬನಿರಲಾರ. ನಿಜ ಹೇಳುತ್ತೇನೆ, ನನಗೆ ಸಾಕಾಗಿಹೋಗಿತ್ತು.

ಹನ್ನೊಂದನೆಯ ವರ್ಷ ಒಬ್ಬರು ತಾವಾಗಿಯೇ ಹುಡುಕಿಕೊಂಡು ಬಂದರು. ಹಳೆಯ ಕಾರುಗಳನ್ನು ಕೂಡಿಡುವ ಹುಚ್ಚು ಅವರಿಗೆ. ಕೊಟ್ಟಿಗೆಯ ಬಾಗಿಲು ತೆಗೆಯುತ್ತಲೇ ದೇವರ ದರ್ಶನವಾದವರಂತೆ ಚಪ್ಪಲಿ ಬಿಟ್ಟರು. ದೇಶದಲ್ಲಿ ಇಂಥವು ಬೆರಳೆಣಿಕೆಯಷ್ಟೇ ಉಳಿದಿವೆ ಎಂದು ಹೇಳಿ ಅವರು ಕೊಡಲು ಬಂದ ಬೆಲೆಯನ್ನು ನಾನು ಅಭ್ಯಾಸಬಲದಿಂದ ಮನಸ್ಸಿನಲ್ಲೇ ಭಾಗಿಸಿದೆ. ಮೂವತ್ತು ಕ್ವಿಂಟಾಲಿನ ಮೇಲಾಗುತ್ತಿತ್ತು!

'ಹನ್ನೆರಡರದ್ದು ಕೊಡಿ' ಎಂದರು ಮಾವ.

ನಾನು ಅವರನ್ನು ಬಾವಿಕಟ್ಟೆಯ ಹತ್ತಿರ ಎಳೆದುಕೊಂಡು ಹೋದೆ. ನನ್ನ ಬಸ್ ಚಾರ್ಜನ್ನಾದರೂ ಸೇರಿಸಿಕೊಳ್ಳಿ ಎಂದು ಗೋಗರೆದೆ.

'ಜಾಸ್ತಿ ಈಸ್ಕೊಂಡ್ರೆ ಅದು ಯಾಪಾರ ಆಯ್ತದೆ ಕಣ್ಲಾ' ಎಂದರು. 'ನಾನು ಯಾಪಾರ ಮಾಡಕ್ಕೆ ಇಟ್ಕೊಂಡಿರಲಿಲ್ಲ. ಅವಳದ್ದು ಅವಳಿಗೆ ಸೇರಿದ್ರೆ ಸಾಕು.'

ಅಲ್ಲಿಗೂ ಮುಗಿಯಲಿಲ್ಲ. ಆ ದುಡ್ಡು ತೆಗೆದುಕೊಂಡು ತಿಪಟೂರಿಗೆ ಹೋಗಿ ಹನ್ನೆರಡು ಕ್ವಿಂಟಾಲ್ ಕೊಬ್ಬರಿ ಕೊಂಡರು. ನಮ್ಮ ಸೀಮೆಯಲ್ಲಿ ಕೊಬ್ಬರಿ ಊರಿಂದ ತಿಪಟೂರಿಗೆ ಹೋಗುತ್ತದೆ. ತಿಪಟೂರಿಂದ ಊರಿಗೆ ಬಂದದ್ದನ್ನು ಕಂಡವರಿಲ್ಲ. ಮಂಡಿಯವರು 'ಮನೇಲಿ ಎಲ್ಲ ಹುಷಾರಾಗವ್ರಾ?' ಎಂದು ನನ್ನನ್ನು ಪಕ್ಕಕ್ಕೆ ಕರೆದು ಕೇಳಿದರು. ಮೂಟೆಗಳನ್ನು ಮಾವ ಎದುರು ನಿಂತು ಅಟ್ಟಕ್ಕೆ ಏರಿಸಿದರು. ಆ ವಾರವೆಲ್ಲ ಊಟದ ಹೊತ್ತಿನಲ್ಲಿ ಆ ಎರಡು ಪದಗಳು ಕೇಳಲಿಲ್ಲ.

ಕಾರು ಒಯ್ಯಲು ಲಾರಿ ಬಂದ ದಿನ ನಾನೂ ರಜೆ ಹಾಕಿ ಹೋಗಿದ್ದೆ. ಲಾರಿ ತೋಟದ ದಾರಿಗೆ ಬರುವಂತಿರಲಿಲ್ಲ, ಟಾರು ರಸ್ತೆಯಲ್ಲೇ ನಿಂತಿತು. ಅಲ್ಲಿಯವರೆಗೆ ಕಾರನ್ನು ತಳ್ಳಬೇಕು. ಮಾವ ಸ್ಟೇರಿಂಗ್ ಹಿಡಿದು ಕೂತರು. ನಾನು, ಕೊಂಡವರು, ಲಾರಿ ಡ್ರೈವರ್ ಹಿಂದೆ ನಿಂತೆವು. ಆಗ ಅತ್ತೆ ಹೊರಗೆ ಬಂದರು. ಕಣ್ಣು ಕೆಂಪಗಿತ್ತು.

'ಹನ್ನೊಂದು ವರ್ಸ ನನ್ನ ಕೊಬ್ಬರಿ, ನನ್ನ ಕೊಬ್ಬರಿ ಅಂದೆ ಕಣಪ್ಪ' ಎಂದರು ನನ್ನ ಕಡೆ ತಿರುಗಿ. 'ಒಂದು ದಿನಕ್ಕಾದ್ರೂ ಬಾ, ಪಕ್ಕದಲ್ಲಿ ಕೂತ್ಕೋ ಅಂದ್ರಾ ನಿಮ್ಮ ಮಾವ?'

ನಾನು ಬೆಪ್ಪಾದೆ. ಇಷ್ಟು ವರ್ಷ ಆ ಮನೆಗೆ ಓಡಾಡಿದ ನನಗೆ ಇದು ಹೊಳೆದಿರಲಿಲ್ಲ. ಮಾವ ಸ್ಟೇರಿಂಗನ್ನೇ ನೋಡುತ್ತಿದ್ದರು.

'ನಿನ್ನ ಕೊಬ್ಬರಿ ಮಾರಿ ತಂದಿದ್ದು' ಎಂದರು ಮೆಲ್ಲಗೆ. 'ಅದನ್ನ ವಾಪಸ್ ಮಡಗದೆ ಯಾವ ಮುಖ ಇಟ್ಕೊಂಡು ಕರೀಲಿ ಕಣೇ?'

'ಈಗ ಮಡಗಿದ್ದೀರಲ್ಲ' ಎಂದರು ಅತ್ತೆ.

ಮಾವ ಆಚೆ ಬದಿಗೆ ಬಾಗಿ, ಹೊರಗಿನಿಂದ ತೆರೆಯದ ಬಾಗಿಲನ್ನು ಒಳಗಿನಿಂದ ತೆಗೆದರು. ಅತ್ತೆ ಸೆರಗು ಎಳೆದುಕೊಂಡು, ಸೀಟು ಅಷ್ಟು ತಗ್ಗಿನಲ್ಲಿರುತ್ತದೆಂದು ಗೊತ್ತಿಲ್ಲದೆ ದೊಪ್ಪನೆ ಕೂತರು. ಕೊಂಡವರು ನನ್ನ ಮುಖ ನೋಡಿದರು. ನಾನು ಬೇರೆ ಕಡೆ ನೋಡಿದೆ. ಮೂವರೂ ತಳ್ಳತೊಡಗಿದೆವು. ಕಾರು ಕೊಟ್ಟಿಗೆ ದಾಟಿತು, ಬಾವಿ ದಾಟಿತು, ಅತ್ತೆಯ ನೂರು ಮರಗಳ ನಡುವಿನ ದಾರಿಗೆ ಬಂತು. ಟಾರು ರಸ್ತೆ ಕಾಣುತ್ತಿತ್ತು. ಮಾವ ಎರಡೂ ಕೈಯಲ್ಲಿ ಸ್ಟೇರಿಂಗ್ ಹಿಡಿದು ನೆಟ್ಟಗೆ ಕೂತಿದ್ದರು.

'ಸ್ವಲ್ಪ ನಿಧಾನಕ್ಕೆ ಹೋಗ್ರೀ' ಎಂದರು ಅತ್ತೆ.

ತಳ್ಳುತ್ತಿದ್ದ ನಾವು ಮೂವರೂ ನಿಧಾನ ಮಾಡಿದೆವು.